ಮೋಟಾರ್ ಸೈಕಲ್ ಮಾಡಿದ ಬಾಣಂತನ

ಒಂದು ಮೋಟಾರ್ ಸೈಕಲ್ಲನ್ನು ಹಡಗು ಹತ್ತಿಸಿ ಪರದೇಶಕ್ಕೆ ಕಳಿಸುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ಗೋಕಾಕದ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಭೂಗೋಳ ಕಲಿಸಿದವನು ನಾನು. ಮುಂಬಯಿಯಿಂದ ಆಫ್ರಿಕಾದ ಮೊಂಬಾಸಾಕ್ಕೆ ಅದೆಷ್ಟು ಸಲ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೋ. ಹಲಗೆಯ ಮೇಲೆ ಅದು ಒಂದೂವರೆ ಗೇಣು. ಸಮುದ್ರವನ್ನು ಮಾತ್ರ ಇನ್ನೂ ಕಣ್ಣಿಂದ ಕಂಡಿರಲಿಲ್ಲ. ಅದೊಂದು ಸಣ್ಣ ಕೊರತೆ ಅಷ್ಟೇ.

ನಿಜವಾಗಿ ಹೋಗಬೇಕಾಗಿದ್ದವಳು ನನ್ನ ಹೆಂಡತಿ ನೀಲವ್ವ. ಅವಳ ತಾಯಿ ತೀರಿಕೊಂಡಾಗ ತಂಗಿ ಗಿರಿಜಾಗೆ ಮೂರು ವರ್ಷ. ಆ ಕೂಸನ್ನು ಎತ್ತಿ ಆಡಿಸಿ, ಎಣ್ಣೆ ಹಚ್ಚಿ ಎರೆದು, ಜಡೆ ಹಾಕಿ, ಕೊನೆಗೆ ಧಾರೆ ಎರೆದು ಕೊಟ್ಟವರೂ ನಾವೇ. ಗಿರಿಜಾಳ ಗಂಡ, ಅಂದರೆ ನನ್ನ ಷಡ್ಡಕ ಶಿವಪುತ್ರ, ಆಫ್ರಿಕಾದ ರೈಲ್ವೆಯಲ್ಲಿ ಕಾರಕೂನ. ಮೊಂಬಾಸಾದಿಂದ ಬಹಳ ಒಳಗೆ, ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವರ ಮನೆ. ಗಿರಿಜಾಗೆ ನಾಲ್ಕು ತಿಂಗಳು ಎಂದು ಕಾಗದ ಬಂತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ‘ಅಕ್ಕಾ, ಇಲ್ಲಿ ನನ್ನ ಮಾತು ತಿಳಿಯೋ ಹೆಣಮಗಳು ಒಬ್ಬಾಕಿನೂ ಇಲ್ಲ. ನೀ ಬಾ. ನನಗ ಅಂಜಿಕಿ ಆಗತೈತಿ.’

ಚೊಚ್ಚಲ ಬಾಣಂತನ ತವರುಮನೆಯದು. ಗಿರಿಜಾಗೆ ತವರು ಅಂದರೆ ನೀಲವ್ವ. ಅವಳು ಕಾಗದ ಮಡಚಿಟ್ಟು, ‘ಹೋಗೂಣು’ ಎಂದಳು. ನಾನು, ‘ಗಾಡೀನೂ ಒಯ್ಯೂಣು’ ಎಂದೆ.

ಗಾಡಿ ಅಂದರೆ ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ನಾನು ಕೊಂಡ ಮೋಟಾರ್ ಸೈಕಲ್ಲು.

‘ಹಡಿಯಾಕಿ ಅಕಿ. ನಡುವ ನಿಮ್ಮ ಗಾಡಿ ಯಾಕ್ರಿ?’

‘ಅಲ್ಲಿ ದವಾಖಾನಿ ದೂರ ಐತಂತ. ಹೊತ್ತಿಗೆ ಬೇಕಾಕೈತಿ.’

‘ದಿನ ತುಂಬಿದಾಕಿನ್ನ ಇದರ ಮ್ಯಾಲ ಕುಂದರಿಸ್ಕೊಂಡು ಹೋಗ್ತೀರೇನು? ನಿಮ್ಮ ಹಿಂದ ಕುಂತು ಫಾಲ್ಸ್ ನೋಡಿ ಬಂದಾಗ ಮೂರು ದಿನ ನನ್ನ ನಡಾ ನೆಟ್ಟಗಾಗಿರಲಿಲ್ಲ.’

ದವಾಖಾನೆ ನೆಪ. ಖರೆ ಕಾರಣ ಬೇರೆಯೇ ಇತ್ತು. ಸಮಭಾಜಕ ವೃತ್ತದ ಗೆರೆ ಆ ದೇಶದೊಳಗೇ ಹಾದು ಹೋಗುತ್ತದೆ. ನನ್ನ ಗಾಡಿಯ ಮುಂದಿನ ಗಾಲಿ ದಕ್ಷಿಣ ಗೋಳಾರ್ಧದಲ್ಲಿ, ಹಿಂದಿನ ಗಾಲಿ ಉತ್ತರ ಗೋಳಾರ್ಧದಲ್ಲಿ, ನಡುವೆ ಸೀಟಿನ ಮೇಲೆ ನಾನು! ಇಂಥ ಫೋಟೋ ಬೆಳಗಾವಿ ಜಿಲ್ಲೆಯ ಯಾವ ಭೂಗೋಳದ ಮಾಸ್ತರನ ಮನೆಯಲ್ಲೂ ಇರಲಿಲ್ಲ. ಈ ಮಾತನ್ನು ನಾನು ಹೆಂಡತಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ರಜೆ, ಪಾಸ್‌ಪೋರ್ಟ್ ಎಂದು ಓಡಾಡುವುದರಲ್ಲೇ ಮೂರು ತಿಂಗಳು ಕಳೆದವು. ಆಮೇಲೆ ಮುಂಬಯಿಯ ಹಡಗಿನ ಏಜೆಂಟರಿಂದ ಸೂಚನೆಗಳು ಬಂದವು. ಗಾಡಿಯನ್ನು ಗಟ್ಟಿ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಬೇಕು. ಟಾಕಿಯಲ್ಲಿ ಒಂದು ಹನಿ ಪೆಟ್ರೋಲು ಇರಕೂಡದು. ಪೆಟ್ಟಿಗೆಯಲ್ಲಿ ಬೇರೆ ಏನೂ ಇಡಕೂಡದು. ಪ್ರಯಾಣಕ್ಕೆ ಎರಡು ವಾರ ಮೊದಲೇ ಪೆಟ್ಟಿಗೆ ಗೂಡ್ಸ್ ಗಾಡಿ ಹತ್ತಿರಬೇಕು. ನಾನು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಪೆಟ್ಟಿಗೆಯ ಕೆಲಸವನ್ನು ಪಕ್ಕದ ಮನೆಯ ಕಾಳಪ್ಪನಿಗೆ ಕೊಟ್ಟೆ. ಕಾಳಪ್ಪ ಕಟ್ಟಿಗೆಯ ಗೊಂಬೆ ಮಾಡುವವನು. ಅವನ ಗಿಳಿಗಳನ್ನು ನೋಡಿದರೆ ಈಗ ಮಾತಾಡುತ್ತವೆ ಅನ್ನಿಸಬೇಕು. ಮೂರನೆಯ ದಿನ ಅವನ ಹಿತ್ತಲಿಗೆ ಹೋಗಿ ನೋಡಿದರೆ ಪೆಟ್ಟಿಗೆಗೆ ಕೆಂಪು ಬಣ್ಣ, ಅಂಚಿಗೆ ಹಳದಿ, ನಾಲ್ಕೂ ಕಡೆ ಎರಡೆರಡು ಹಸಿರು ಗಿಳಿ.

‘ಕಾಳಪ್ಪಾ, ಇದು ಸಾಮಾನಿನ ಪೆಟಿಗಿಪಾ!’

‘ಗೊತ್ತೈತ್ರಿ ಸರ್. ಪರದೇಶಕ್ಕ ಹೊಂಟೈತಿ. ಬರೇ ಬತ್ತಲಿ ಕಳಸಾಕ ಆಕೈತೇನ್ರಿ?’

ಟಾಕಿಯನ್ನು ನಾನೇ ಬರಿದು ಮಾಡಿದೆ. ಪೆಟ್ರೋಲು ಹಿಡಿಯಲು ಕೈಗೆ ಸಿಕ್ಕ ಪಾತ್ರೆ ನೀಲವ್ವನ ಹಿಟ್ಟು ನಾದುವ ಪರಾತ. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಆಮೇಲೆ ಟಾಕಿಯನ್ನು ಅಲುಗಾಡಿಸಿ, ಕಿವಿಕೊಟ್ಟು ಕೇಳಿ, ‘ಒಣಾ ಒಣಾ ಆತು’ ಎಂದು ತೀರ್ಪು ಕೊಟ್ಟೆ.

ಅಷ್ಟರಲ್ಲಿ ಕೌಜಲಗಿಯಿಂದ ನೀಲವ್ವನ ದೊಡ್ಡವ್ವ ಒಂದು ಡಬ್ಬಿ ಅಂಟಿನ ಉಂಡಿ ಕಟ್ಟಿಕೊಂಡು ಬಂದಳು. ಬಾಣಂತಿಗೆ ಅಂಟಿನ ಉಂಡಿ, ಶೇಂಗಾ ಚಟ್ನಿ, ಪಾಯಸಕ್ಕೆ ಅಳ್ವಿ ಬೀಜ, ಕೂಸಿನ ತಲೆಗೆ ಕುಲಾವಿ. ಇವೆಲ್ಲ ಎಲ್ಲಿ ಹೋಗಬೇಕು? ಪೆಟ್ಟಿಗೆಯಲ್ಲಿ ಜಾಗ ಇತ್ತಲ್ಲ! ಗಾಲಿಯ ಕಡ್ಡಿಗಳ ನಡುವೆ ಚಟ್ನಿಯ ಗಂಟು ಕೂತವು. ಸೀಟಿನ ಕೆಳಗೆ ಅಳ್ವಿ. ಟಾಕಿಗೆ ನೀಲವ್ವ ತನ್ನ ಕೈಯಾರೆ ಹೊಲಿದ ಕೌದಿ ಸುತ್ತಿದಳು. ಅದರಲ್ಲಿ ಗಿರಿಜಾ ಚಿಕ್ಕವಳಿದ್ದಾಗ ತೊಟ್ಟ ಪರಕಾರಗಳ ತುಂಡುಗಳಿದ್ದವು. ಕೌದಿಯ ಮಡಿಕೆಯಲ್ಲಿ ಉಂಡಿ. ಏಜೆಂಟರ ಸೂಚನೆಯನ್ನು ನಾನು ಇನ್ನೊಮ್ಮೆ ಓದಿದೆ. ‘ಅವರ ಮನ್ಯಾಗ ಯಾರೂ ಹಡದಿಲ್ಲೇನು?’ ಎಂದು ದೊಡ್ಡವ್ವ ಕೇಳಿದಳು.

ಆಮೇಲೆ ದೊಡ್ಡವ್ವ ಹಡಗು ಹೊರಡುವ ದಿನ ಯಾವುದು ಎಂದು ವಿಚಾರಿಸಿದಳು. ಅಮವಾಸ್ಯೆ. ಅವಳು ಎದೆಗೆ ಕೈ ಹಚ್ಚಿಕೊಂಡಳು. ಬಸುರಿ ಹೆಂಗಸಿನ ಕೆಲಸಕ್ಕೆ ಅಮವಾಸ್ಯೆ ದಿನ ಹೊರಡುವುದೇ? ನಾನು ಎದ್ದು ನಿಂತು, ನಮ್ಮದು ಬಸವಣ್ಣನವರ ಹಾದಿಯಲ್ಲಿ ನಡೆಯುವ ಮನೆತನ, ನಮಗೆ ಒಳ್ಳೆಯ ಹೊತ್ತು ಕೆಟ್ಟ ಹೊತ್ತು ಎಂಬ ಭೇದವಿಲ್ಲ ಎಂದು ಕಾಲು ತಾಸು ಭಾಷಣ ಮಾಡಿದೆ. ದೊಡ್ಡವ್ವ ಪೂರ್ತಿ ಕೇಳಿದಳು. ‘ಅದೆಲ್ಲಾ ಖರೆ. ಈಗ ಪ್ರಸ್ಥಾನದ ಗಂಟ ಕಟ್ಟರಿ’ ಎಂದಳು.

ಪ್ರಸ್ಥಾನ ಅಂದರೆ ಇಷ್ಟೇ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ಹೊತ್ತಿನಲ್ಲಿ ನಮ್ಮದೊಂದು ಗಂಟನ್ನು ನಾವು ಹೋಗುವ ದಿಕ್ಕಿನಲ್ಲಿ, ಬೇರೆಯವರ ಮನೆಯಲ್ಲಿ ಇಡಬೇಕು. ಆಗ ನಾವು ಅಂದೇ ಹೊರಟಂತೆ. ಹೋಗುವಾಗ ಆ ಗಂಟನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ತಿರುಗಿ ಮನೆಯೊಳಗೆ ತರುವಂತಿಲ್ಲ.

ನಾನು ಒಂದು ಹಳೆಯ ಟಾವೆಲ್ ತಂದೆ. ದೊಡ್ಡವ್ವ ಒಪ್ಪಲಿಲ್ಲ. ‘ಯಾವುದು ಇಲ್ಲಂದ್ರ ನಿಮಗ ಹೋಗಾಕನ ಆಗೂದಿಲ್ಲೋ ಅದನ್ನ ಇಡಬೇಕ್ರಿ. ಹರಕ ಅರವಿ ಇಟ್ಟು ಯಾರಿಗೆ ಮೋಸ ಮಾಡತೀರಿ?’

ಆಗ ನನಗೆ ಬುದ್ಧಿ ಹೊಳೆಯಿತು. ಇಂಥ ಗಳಿಗೆ ನನ್ನ ಜೀವನದಲ್ಲಿ ಹಲವು ಬಂದಿವೆ, ಒಂದರಿಂದಲೂ ಒಳ್ಳೆಯದಾಗಿಲ್ಲ. ನಮ್ಮಿಬ್ಬರ ಪಾಸ್‌ಪೋರ್ಟ್ ತಂದು, ಅಡಿಕೆ ಅರಿಷಿಣದ ಕೊಂಬಿನ ಜೊತೆ ಹೊಸ ವಸ್ತ್ರದಲ್ಲಿ ಕಟ್ಟಿದೆ. ದೊಡ್ಡವ್ವ ಮೊದಲ ಬಾರಿ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಆಫ್ರಿಕಾ ಪಶ್ಚಿಮಕ್ಕಿದೆ. ಕಾಳಪ್ಪನ ಮನೆಯೂ ನಮ್ಮ ಪಶ್ಚಿಮಕ್ಕೇ. ಅವನ ಹಿತ್ತಲಿನಲ್ಲಿ ಗಾಳಿ ಮಳೆ ತಾಗದ ಜಾಗ ಒಂದೇ, ಪೆಟ್ಟಿಗೆಯ ಒಳಗೆ. ಮೊಳೆ ಹೊಡೆಯುವ ಮೊದಲು ತೆಗೆದುಕೊಂಡರಾಯಿತು ಎಂದು ಗಂಟನ್ನು ಗಾಡಿಯ ಸೀಟಿನ ಮೇಲೆ ಕೂಡಿಸಿ ಕೈಮುಗಿದೆ.

ಮಾರನೆಯ ದಿನ ನಾನು ಹುಕ್ಕೇರಿಗೆ ಹೋಗಬೇಕಿತ್ತು. ಅಲ್ಲಿ ನಾನು ಕಲಿತ ಶಾಲೆಯಲ್ಲಿ ನನಗೆ ಬೀಳ್ಕೊಡುಗೆ. ಹಿಂದಿನ ವಾರ ಮೂಡಲಗಿಯಲ್ಲಿ ವ್ಯಾಪಾರಸ್ಥರು ಶಾಲು ಹೊದಿಸಿದ್ದರು. ಗೋಕಾಕದಲ್ಲಿ ಹೆಡ್‌ಮಾಸ್ತರರು, ಇಂಥ ಸಾಹಸಿ ನಮ್ಮ ಸಿಬ್ಬಂದಿಯಲ್ಲಿ ಇದ್ದಾನೆಂದು ತಮಗೇ ಗೊತ್ತಿರಲಿಲ್ಲ ಎಂದಿದ್ದರು. ಮೂರು ಊರು, ಮೂರು ಮಾನಪತ್ರ. ಹುಕ್ಕೇರಿಯಿಂದ ಹಾರ ಹಾಕಿಕೊಂಡೇ ಸಂಜೆ ಬಸ್ಸಿಳಿದರೆ ಕಾಳಪ್ಪ ಓಡಿ ಬಂದ.

‘ಸರ್, ಘಟಪ್ರಭಾಕ್ಕ ಹೋಗೂ ಚಕ್ಕಡಿ ಸಿಕ್ತ್ರಿ. ಮೊಳಿ ಹೊಡದು ಕಳಸೇ ಬಿಟ್ನಿ. ಸ್ಟೇಶನ್ನಿನ್ಯಾಗ ರಸೀತೀನೂ ಇಸಗೊಂಡು ಬಂದೇನಿ.’

ನಾನು ಅವನನ್ನು ಅಪ್ಪಿಕೊಂಡೆ. ಕೊರಳ ಹಾರ ತೆಗೆದು ಅವನಿಗೆ ಹಾಕಿದೆ. ಗಂಟಿನ ನೆನಪು ನನಗೆ ಬರಲಿಲ್ಲ. ನೀಲವ್ವ, ಗಂಟನ್ನು ನಾನು ತೆಗೆದು ಕಾಳಪ್ಪನ ಮನೆಯೊಳಗೆ ಇಟ್ಟಿರಬೇಕು ಎಂದುಕೊಂಡಳು. ಮನೆಯಲ್ಲಿ ಅದು ಕಾಣದಿದ್ದರೆ ಯಾರಿಗೂ ಸಂಶಯ ಬರುವ ಹಾಗಿಲ್ಲ. ಶಾಸ್ತ್ರದ ಪ್ರಕಾರ ಅದು ಮನೆಯಲ್ಲಿ ಇರಲೇಬಾರದಲ್ಲ!

ಎರಡು ವಾರದ ಮೇಲೆ ಮುಂಬಯಿಯಲ್ಲಿ ಏಜೆಂಟರ ಕಚೇರಿಯ ಕಾರಕೂನ ಕನ್ನಡಕದ ಮೇಲಿಂದ ನೋಡಿ ಪಾಸ್‌ಪೋರ್ಟ್ ಕೇಳಿದ. ನಾನು ನೀಲವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

‘ಬರೂ ಮುಂದ ಕಾಳಪ್ಪನ ಕಡಿಂದ ನೀವು ಗಂಟ ತಗೊಂಡೀರಿ ಅಂತ ಮಾಡಿದ್ನಿ.’

‘ನೀ ತಗೊಂಡಿ ಅಂತ ನಾ ಮಾಡಿದ್ನಿ.’

ಗಂಟು ಎಲ್ಲಿದೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಪೆಟ್ಟಿಗೆಯ ಬಗ್ಗೆ ಕೇಳಿದೆ. ‘ಗಿಳಿ ಇರುವ ಪೆಟ್ಟಿಗೆಯೇ? ಅದು ನಿನ್ನೆಯೇ ಹಡಗಿನ ಹೊಟ್ಟೆ ಸೇರಿದೆ. ಮೇಲೆ ಅರಿವೆಯ ಗಂಟುಗಳನ್ನು ಹೇರಿದ್ದಾರೆ. ಇನ್ನು ಮೊಂಬಾಸಾದಲ್ಲೇ ಹೊರಗೆ ಬರುವುದು’ ಎಂದು ಕಾರಕೂನ ಸಮಾಧಾನದಿಂದ ಹೇಳಿದ. ಬೇರೆ ಯಾವ ಕಾಗದವಾದರೂ ಇದೆಯೇ ಎಂದು ಪಾಪ ಅವನೇ ಕೇಳಿದ. ನಾನು ಟ್ರಂಕು ತೆಗೆದು ಚೌಕಟ್ಟು ಹಾಕಿಸಿದ ಮೂರು ಮಾನಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂಡಲಗಿಯದರಲ್ಲಿ ನನ್ನ ಫೋಟೋ ಸಹ ಇತ್ತು. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಮೂರನ್ನೂ ಜೋಡಿಸಿ ತಿರುಗಿ ನನ್ನ ಕೈಗೆ ಕೊಟ್ಟ.

ಹಡಗು ಹೊರಡುವುದನ್ನು ನಾವು ದಂಡೆಯಲ್ಲಿ ನಿಂತು ನೋಡಿದೆವು. ನಾನು ಸಮುದ್ರ ಕಂಡದ್ದು ಹೀಗೆ. ‘ಆಫ್ರಿಕಾ ಯಾವ ಕಡೆ ಬರತೈತ್ರಿ?’ ಎಂದು ನೀಲವ್ವ ಕೇಳಿದಳು. ಕೈ ಮಾಡಿ ತೋರಿಸಿದೆ. ಅವಳು ಆ ಕಡೆಗೇ ನೋಡುತ್ತ ನಿಂತಳು. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

‘ಅಕಿ ನನ್ನ ಹಾದಿ ನೋಡತಿರತಾಳ’ ಎಂದಳು, ಅಷ್ಟೇ.

ನನಗೆ ಅಳು ಬಂತು. ಮದುವೆಯಾದ ಮೇಲೆ ಮೊದಲ ಸಲ ಅವಳ ಮುಂದೆ ‘ನಂದು ತಪ್ಪಾತು’ ಎಂದೆ. ಅವಳು ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, ಅದೇ ಸೆರಗನ್ನು ನನಗೂ ಕೊಟ್ಟಳು. ‘ನಡೀರಿ, ರೈಲು ತಪ್ಪತೈತಿ’ ಎಂದಳು.

ಘಟಪ್ರಭಾದಲ್ಲಿ ಇಳಿದಾಗ, ಜನ ಅಲ್ಲೇ ನನ್ನನ್ನು ಮುಂಬಯಿಯ ರೈಲು ಹತ್ತಿಸಿ ಆರು ದಿನವಾಗಿತ್ತು. ಮುಖಕ್ಕೆ ಸನ್ಮಾನದ ಶಾಲನ್ನೇ ಸುತ್ತಿಕೊಂಡು ನಡೆದರೂ ಜನ ಗುರುತು ಹಿಡಿದರು. ‘ಇಷ್ಟ ಲಗೂನ ಬಂದ್ರ್ಯಾ ಸರ್? ನಾವು ಆಫ್ರಿಕಾ ದೂರ ಐತಿ ಅಂತ ಮಾಡಿದ್ವಿ’ ಎಂದರು. ಕೇಳಿದವರಲ್ಲಿ ಹಲವರಿಗೆ ಭೂಗೋಳ ಕಲಿಸಿದವನು ನಾನೇ.

ಆಮೇಲಿನ ದಿನಗಳು ಕಷ್ಟದವು. ನೀಲವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಕೂರುತ್ತಿದ್ದಳು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಇಬ್ಬರೂ ಬಾಗಿಲಿಗೆ ಹೋಗುತ್ತಿದ್ದೆವು. ಒಂದೂವರೆ ತಿಂಗಳ ಮೇಲೆ ಗಿರಿಜಾಳ ಕಾಗದ ಬಂತು. ನೀಲವ್ವ ಅದನ್ನು ನನ್ನ ಕೈಗಿಟ್ಟಳು. ನಾನೇ ಓದಿದೆ.

‘ಅಕ್ಕಾ, ಹೆಣ್ಣು ಕೂಸು ಹುಟ್ಟೈತಿ. ಇಬ್ಬರೂ ಆರಾಮ ಅದೀವಿ. ಇವರು ಹಾರ ಹಿಡಕೊಂಡು ಬಂದರಕ್ಕ ಹೋಗಿದ್ರು. ನೀವು ಇಳೀಲಿಲ್ಲ, ಗಿಳಿ ಪೆಟಿಗಿ ಇಳೀತು. ಹಾರ ಅದಕ್ಕ ಹಾಕಿ ತಂದ್ರು. ಬ್ಯಾನಿ ಸುರು ಆದಾಗ ಇವರು ಮಾವಾರ ಗಾಡಿ ತಗೊಂಡು ಹೋಗಿ ನರ್ಸಬಾಯಿನ್ನ ಹಿಂದ ಕುಂದರಿಸ್ಕೊಂಡು ಬಂದ್ರು. ನಾ ಕೌದಿ ಹೊತ್ಕೊಂಡು ಮಲಗಿದ್ನಿ. ಅದರಾಗ ನನ್ನ ಹಳದಿ ಪರಕಾರದ ತುಂಡು ಹುಡುಕಿ ಅದನ್ನ ಗಟ್ಟಿ ಹಿಡಕೊಂಡಿದ್ನಿ. ಅಂಜಿಕಿ ಆಗಲಿಲ್ಲ ಅಕ್ಕಾ. ಉಂಡಿ ಎಲ್ಲಾ ಪೆಟ್ರೋಲ್ ವಾಸನಿ ಹೊಡಿತಾವ. ಆದ್ರೂ ಒಂದೂ ಬಿಟ್ಟಿಲ್ಲ.’

ನೀಲವ್ವ ಅತ್ತಳು. ಅಳುತ್ತಲೇ ನಕ್ಕಳು. ನನಗೆ ಒಮ್ಮೆಲೇ ಧೈರ್ಯ ಬಂತು. ‘ದವಾಖಾನಿ ದೂರ ಐತಿ, ಗಾಡಿ ಬೇಕಾಕೈತಿ ಅಂತ ನಾ ಮದಲ ಹೇಳಿರಲಿಲ್ಲೇನು?’

‘ಹೇಳಿದ್ರಿ. ನೀವು ಹ್ವಾಗಿದ್ರ ಮಾತ್ರ, ಆ ನರ್ಸಬಾಯಿನ್ನ ಮದಲ ನಿಮ್ಮ ಗೆರಿ ತೋರಸಾಕ ಕರಕೊಂಡು ಹೋಗ್ತಿದ್ರಿ.’

ಅದು ಖರೆ. ಹೋಗುತ್ತಿದ್ದೆ.

ಕೆಲವು ದಿನಕ್ಕೆ ಪಾಸ್‌ಪೋರ್ಟೂ ರಿಜಿಸ್ಟರ್ ಟಪಾಲಿನಲ್ಲಿ ಬಂದವು. ನಾನು ಮತ್ತೆ ರಜೆ ಕೇಳಲು ಹೋದೆ. ‘ಒಮ್ಮೆ ಬೀಳ್ಕೊಟ್ಟೇವಿ, ಮತ್ತೊಮ್ಮೆ ಬೀಳ್ಕೊಡಾಕ ಆಗೂದಿಲ್ರಿ’ ಎಂದು ಹೆಡ್‌ಮಾಸ್ತರರು ಕಡ್ಡಿ ಮುರಿದಂತೆ ಹೇಳಿದರು. ನಾನು ಬಾಡಿದ ಮುಖ ಮಾಡಿ ಮನೆಗೆ ಬಂದೆ. ನೀಲವ್ವ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ‘ನಿಪ್ಪಾಣಿಯವರೊಬ್ರು ಮನಿ ಮಂದಿ ಸಮೇತ ಅಲ್ಲಿಗೇ ಹೊಂಟಾರಂತ. ಅವರ ಜೋಡಿ ನಾ ಹೋಗ್ತೇನಿ’ ಎಂದಳು. ಸವದತ್ತಿಯ ಆಚೆ ಒಬ್ಬಳೇ ಹೋದವಳಲ್ಲ. ನಾನು ಮುಂಬಯಿಯತನಕ ಹೋಗಿ ಹಡಗು ಹತ್ತಿಸಿದೆ. ಪಾಸ್‌ಪೋರ್ಟನ್ನು ಅವಳು ದಾರಿಯುದ್ದಕ್ಕೂ ಕುಪ್ಪಸದೊಳಗೇ ಇಟ್ಟುಕೊಂಡಿದ್ದಳು. ನನ್ನ ಕೈಗೆ ಕೊಡಲಿಲ್ಲ.

ಅವಳ ಮೊದಲ ಕಾಗದ ಓದಿ ನನ್ನ ಎದೆ ತುಂಬಿ ಬಂತು. ಗಿರಿಜಾ ಅಕ್ಕನನ್ನು ಕಂಡು ಕೂಸನ್ನು ಅವಳ ಮಡಿಲಿಗೆ ಹಾಕಿ, ತಾನೂ ಅದೇ ಮಡಿಲಲ್ಲಿ ತಲೆಯಿಟ್ಟು ಅತ್ತಳಂತೆ. ಕೂಸಿನ ಬಗ್ಗೆಯೂ ಬರೆದಿದ್ದಳು. ಗಾಡಿ ಸುರು ಮಾಡಿ ಅದರ ಸಪ್ಪಳ ಕೇಳಿಸಿದರೇ ಅದಕ್ಕೆ ನಿದ್ದೆ. ಇಲ್ಲದಿದ್ದರೆ ಓಣಿಯನ್ನೇ ಎಬ್ಬಿಸುತ್ತದೆ. ಹೀಗಾಗಿ ಕೂಸು ದೊಡ್ಡದಾಗುವವರೆಗೆ ಗಾಡಿಯನ್ನು ತಿರುಗಿ ಕಳಿಸಲು ಬರುವುದಿಲ್ಲ, ತಾನೂ ಇನ್ನು ನಾಲ್ಕು ತಿಂಗಳು ಇರುತ್ತೇನೆ, ನೀವು ಹೊತ್ತಿಗೆ ಸರಿಯಾಗಿ ಉಣ್ಣಿರಿ ಎಂದು ಮುಗಿಸಿದ್ದಳು.

ಆ ಕಾಗದ ಬಂದ ಮಾರನೆಯ ದಿನ ಸಂತೆಯಲ್ಲಿ, ಹುಕ್ಕೇರಿಯಲ್ಲಿ ನನಗೆ ಹಾರ ಹಾಕಿದ್ದ ಹಿರಿಯರು ಎದುರಾದರು. ನನ್ನ ತಲೆಯ ಮೇಲೆ ಜೋಳದ ಚೀಲ ಇತ್ತು.

‘ಏನ್ ಮಾಸ್ತರ, ನಡಕೋತ ಹೊಂಟೀರಿ? ಗಾಡಿ ಎಲ್ಲೈತ್ರಿ?’

‘ಆಫ್ರಿಕಾದಾಗ ಐತ್ರಿ.’

‘ಮತ್ತ ಮನ್ಯಾಗಿನವ್ರು?’

‘ಅವರೂ ಆಫ್ರಿಕಾದಾಗ ಅದಾರ್ರಿ.’

ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದರು. ‘ನೀವು?’

‘ನಾನು ಹಿಟ್ಟು ಬೀಸಿಸ್ಕೊಂಡು ಬರಾಕ ಹೊಂಟೇನ್ರಿ’ ಎಂದೆ.