ಗ್ರೆಟ್ನರ್ ಊರಿನ ನೀಲಿ ಕಾರು

ಬೇಸಿಗೆಯ ಬೆಳಿಗ್ಗೆ ಕಾದ ಕಾಂಕ್ರೀಟಿನ ಮೇಲೆ ಚೆಲ್ಲಿದ ಪೆಟ್ರೋಲು, ಹೊಸ ಟೈರಿನ ರಬ್ಬರು, ಹಿಂದಿನ ಕೋಣೆಯಲ್ಲಿ ಅಮ್ಮ ಕುದಿಸುತ್ತಿದ್ದ ಕಾಫಿ. ಈ ಮೂರೂ ಬೆರೆತ ವಾಸನೆಯೇ ವೆಂಡೆಲ್ ಕುಚೇರಾನ ಬಾಲ್ಯ. ನೆಬ್ರಾಸ್ಕಾದ ಪಶ್ಚಿಮದ ಮೂಲೆಯಲ್ಲಿ ಅಪ್ಪ ನಡೆಸುತ್ತಿದ್ದ ಪೆಟ್ರೋಲ್ ಬಂಕಿನಲ್ಲೇ ಅವನೂ ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ ಎಮಿಲನೂ ಬೆಳೆದರು. ಅಪ್ಪನ ನಂತರ ಎಮಿಲ್ ಅದೇ ಬಂಕಿನಲ್ಲಿ ನಲವತ್ತು ವರ್ಷ ನಿಂತ. ವೆಂಡೆಲ್ ಅಯೋವಾಕ್ಕೆ ಹೋಗಿ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುತ್ತ ನಿವೃತ್ತನಾದ.

ಇಂಥ ಮನೆತನದ ಹುಡುಗ ಎಪ್ಪತ್ತನೇ ವಯಸ್ಸಿನಲ್ಲಿ ಬ್ಯಾಟರಿಯಿಂದ ಓಡುವ ಟ್ರಕ್ಕು ಕೊಂಡ. ಪಾದ್ರಿಯ ಮಗ ಜೂಜುಕಟ್ಟೆಯಲ್ಲಿ ಸಿಕ್ಕಿಬಿದ್ದರೂ ಅಷ್ಟು ಗದ್ದಲವಾಗುತ್ತಿರಲಿಲ್ಲ. "ಅಪ್ಪ ಇದ್ದಿದ್ರೆ ನಿನ್ನನ್ನೇ ಗೋಡೆಗೆ ಸಿಕ್ಕಿಸಿ ಸ್ವಿಚ್ ಹಾಕ್ತಿದ್ರು" ಎಂದು ಫೋನಿಟ್ಟ ಎಮಿಲ್, ಎಂಟು ತಿಂಗಳು ಮಾತಾಡಲಿಲ್ಲ.

ಒಂಬತ್ತನೇ ತಿಂಗಳು ಅವನೇ ಫೋನ್ ಮಾಡಿದ. "ಜೂನ್ ಹದಿನಾಲ್ಕಕ್ಕೆ ನನಗೆ ಎಂಬತ್ತು ತುಂಬತ್ತೆ. ಸಂಜೆ ಐದಕ್ಕೆ ಊಟ. ಬಾ."

"ಬರ್ತೀನಣ್ಣ. ಅರ್ಲೀನಳೂ ಬರ್ತಾಳೆ. ನಮ್ಮ ಟ್ರೇಲರ್ ಎಳ್ಕೊಂಡು ಬರ್ತೀವಿ. ಮಲಗೋಕೆ ಜಾಗದ ಚಿಂತೆ ಇರಲ್ಲ."

"ಯಾವುದರಲ್ಲಿ ಎಳೀತೀಯ? ಆ ಟಾರ್ಚ್‌ಲೈಟಲ್ಲಾ?"

"ಹೂಂ, ಅದರಲ್ಲೇ."

"ಹಾಗಾದ್ರೆ ನನ್ನ ಎಂಬತ್ತೊಂದಕ್ಕೆ ಬರ್ತೀಯ ಬಿಡು" ಎಂದು ಎಮಿಲ್ ನಕ್ಕ.

ಅಣ್ಣನ ನಗು ಕೇಳಿ ಎಂಟು ತಿಂಗಳಾಗಿತ್ತು. ಈ ಊಟ ತಪ್ಪಿದರೆ ಮುಂದಿನ ನಗುವಿಗೆ ಎಷ್ಟು ಕಾಯಬೇಕೋ ಎಂದು ವೆಂಡೆಲನಿಗೆ ದಿಗಿಲಾಯಿತು. ಐದು ಗಂಟೆಗೆ ಅಲ್ಲಿರಲೇಬೇಕು ಎಂದು ಅವನು ಅಂದೇ ನಿಶ್ಚಯಿಸಿದ.

ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಇಪ್ಪತ್ತಾರು ಅಡಿಯ ಟ್ರೇಲರನ್ನು ಟ್ರಕ್ಕಿನ ಬೆನ್ನಿಗೆ ಕಟ್ಟಿಕೊಂಡು ಗಂಡಹೆಂಡತಿ ಹೊರಟರು. ನೂರು ಮೈಲಿಗೊಮ್ಮೆ ಚಾರ್ಜು ಮಾಡುತ್ತ ಎರಡು ದಿನ ಚೆನ್ನಾಗಿಯೇ ಬಂದರು. ಮೂರನೆಯ ದಿನ, ಅಂದರೆ ಹದಿನಾಲ್ಕನೇ ತಾರೀಖು, ಎದುರುಗಾಳಿ ಎದ್ದಿತು. ನೆಬ್ರಾಸ್ಕಾದಲ್ಲಿ ಗಾಳಿಯನ್ನು ತಡೆಯಲು ಮುಳ್ಳುತಂತಿ ಬಿಟ್ಟರೆ ಬೇರೇನೂ ಇಲ್ಲ. ಚೌಕಾಕಾರದ ಟ್ರೇಲರು ಆ ಗಾಳಿಗೆ, ಸ್ಕೂಲಿಗೆ ಹೋಗಲೊಲ್ಲದ ಮಗುವಿನ ಹಾಗೆ, ಹಿಂದಕ್ಕೇ ಜಗ್ಗುತ್ತಿತ್ತು.

"ಹದಿನೆಂಟು ಪರ್ಸೆಂಟ್" ಎಂದಳು ಅರ್ಲೀನ್. ಸ್ವಲ್ಪ ಹೊತ್ತಿಗೆ, "ಹದಿನಾರು."

"ಜ್ವರ ನೋಡೋ ನರ್ಸ್ ಥರ ಹೇಳ್ಬೇಡ ಕಣೇ."

"ಜ್ವರ ಆಗಿದ್ರೆ ಇಳೀತಿದೆ ಅಂತ ಖುಷಿ ಪಡಬಹುದಿತ್ತು. ಹದಿನೈದು."

ವೆಂಡೆಲ್ ಎಸಿ ಆರಿಸಿದ, ರೇಡಿಯೋ ಆರಿಸಿದ, ವೇಗ ಇಳಿಸಿದ. ಹುಲ್ಲಿನ ಉರುಳೆ ಹೊತ್ತ ಟ್ರಾಕ್ಟರೊಂದು ಅವರನ್ನು ದಾಟಿ ಹೋಯಿತು. ಹೋಗುವಾಗ ಅದರ ಚಾಲಕ, ಶವಯಾತ್ರೆ ಕಂಡವನಂತೆ, ಟೋಪಿ ತೆಗೆದು ಗೌರವ ಸೂಚಿಸಿದ.

ಬೆಳಿಗ್ಗೆ ಹನ್ನೊಂದಕ್ಕೆ ಗ್ರೆಟ್ನರ್ ಎಂಬ ಪುಟ್ಟ ಊರನ್ನು ಮುಟ್ಟುವಾಗ ಉಳಿದದ್ದು ಒಂಬತ್ತು. ಅಣ್ಣನ ಊರು ಇನ್ನೂ ತೊಂಬತ್ತು ಮೈಲಿ. ಗ್ರೆಟ್ನರಿನಲ್ಲಿದ್ದದ್ದು ಒಂದೇ ಚಾರ್ಜಿಂಗ್ ಕಂಬ, ಲೈಬ್ರರಿಯ ಪಕ್ಕದಲ್ಲಿ, ಊರಿನ ಅತಿ ದೊಡ್ಡ ಮರದ ಕೆಳಗೆ. ಅಲ್ಲೊಂದು ಪುಟ್ಟ ನೀಲಿ ಕಾರು, ಕಂಬದ ಕೇಬಲ್ಲನ್ನು ಮೂತಿಗೆ ಸಿಕ್ಕಿಸಿಕೊಂಡು, ಸೀಸೆಯ ಹಾಲು ಕುಡಿಯುತ್ತ ನಿದ್ದೆ ಹೋದ ಕೂಸಿನಂತೆ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

"ಕಾಯೋಣ" ಎಂದಳು ಅರ್ಲೀನ್.

"ಅಷ್ಟರಲ್ಲಿ ಇನ್ನೊಬ್ಬ ಬಂದು ನುಗ್ಗಿದ್ರೆ?"

ಈ ಕಂಬಗಳನ್ನು ನೆಟ್ಟವರು ಕಾರುಗಳನ್ನು ಮಾತ್ರ ನೆನೆದು ನೆಟ್ಟವರು. ಟ್ರೇಲರ್ ಎಳೆಯುವವರು ಅದನ್ನು ಕಳಚಿ ಬದಿಗಿಟ್ಟು, ಬರಿಯ ಟ್ರಕ್ಕನ್ನು ಒಳಗೆ ತೂರಿಸಬೇಕು. ವೆಂಡೆಲ್ ಕಳಚಿದ. ಆದರೆ ಬದಿಗಿಡಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನಂತೆ, ಇಡೀ ಟ್ರೇಲರನ್ನು ನೀಲಿ ಕಾರಿನ ಬೆನ್ನಿಗೇ ಅಡ್ಡಲಾಗಿ ಇಳಿಸಿ, ಚಕ್ರಗಳಿಗೆ ಅಡೆಗಟ್ಟೆ ಕೊಟ್ಟು, ಕೊಂಡಿಗೆ ಬೀಗ ಹಾಕಿ, ಕೈ ಒರೆಸಿಕೊಂಡ.

"ಈಗ ನೋಡೋಣ ಯಾರು ನುಗ್ತಾರೋ! ನಾನು ಕಾರಿನವರನ್ನ ಹುಡುಕಿ ಕರ್ಕೊಂಡು ಬರ್ತೀನಿ. ಒಂದು ಗಂಟೆ ಚಾರ್ಜು, ಎರಡು ಗಂಟೆ ದಾರಿ. ಎಷ್ಟೇ ತಡ ಆದ್ರೂ ಮೂರೂವರೆಗೆ ಅಣ್ಣನ ಮನೆ."

ಅರ್ಲೀನ್ ತಣ್ಣಗೆ ಕೂರಲೆಂದು ಲೈಬ್ರರಿಗೆ ಹೋದಳು. ಅಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಗಸರು ಅವಳ ಮಂಡಿನೋವನ್ನು ಗುರುತಿಸಿ, ಮೆತ್ತೆಯ ಕುರ್ಚಿ ಕೊಟ್ಟು, ಕೈಗೊಂದು ಸೂಜಿಯನ್ನೂ ಕೊಟ್ಟರು. ಅವಳು ಮಧ್ಯಾಹ್ನದವರೆಗೂ ಏಳಲಿಲ್ಲ.

ವೆಂಡೆಲ್ ಅಕ್ಕಪಕ್ಕದ ಬೀದಿಗಳಲ್ಲೊಮ್ಮೆ ಹುಡುಕಿ, ಆಮೇಲೆ ಆಚೆ ಬೀದಿಯ ಹೋಟೆಲಿಗೆ ಹೋದ. ಡಾರ್ಲಾ ಎಂಬಾಕೆ ಕಾಫಿ ಸುರಿಯುತ್ತಿದ್ದಳು. ಕಿಟಕಿಯ ಪಕ್ಕ, ಊರು ಕಾಯುವ ಕೆಲಸವನ್ನು ಸಂಬಳವಿಲ್ಲದೆ ಮಾಡುವ ಹ್ಯೂಬರ್ಟ್ ಎಂಬ ಮುದುಕ ಕೂತಿದ್ದ.

"ನೀಲಿ ಕಾರಾ? ಅದು ಓಪಲ್ ಝಿಮ್ಮರ್ ಅವರದು" ಎಂದಳು ಡಾರ್ಲಾ. "ಈಗ ತಾನೆ ಬಂದು ಹೋದ್ರು. ಯಾರನ್ನೋ ಹುಡುಕ್ತಾ ಇದ್ರು. ಸಿಕ್ಕಿದ್ರೆ ಕಿವಿ ಹಿಂಡ್ತೀನಿ ಅಂದ್ರು."

"ವಯಸ್ಸಾದವರಾ?"

"ಎಪ್ಪತ್ತಾರು."

"ಪಾಪ" ಎಂದ ವೆಂಡೆಲ್. "ಯಾರಪ್ಪ ಆ ಪುಣ್ಯಾತ್ಮ, ಈ ಬಿಸಿಲಲ್ಲಿ ಅವರನ್ನ ಅಲೆಸ್ತಾ ಇರೋನು?"

"ಈಗಿನವರಿಗೆ ನಾಚಿಕೆ ಅನ್ನೋದು ಎಲ್ಲಿದೆ?" ಎಂದ ಹ್ಯೂಬರ್ಟ್, ಟೋಪಿ ತಲೆಗೇರಿಸುತ್ತ. "ನಡೀರಿ, ನಾನೂ ಬರ್ತೀನಿ. ಓಪಲ್ ಎಲ್ಲಿರ್ತಾಳೆ ಅಂತ ನನಗೆ ಗೊತ್ತು."

ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳು ಐವತ್ತೆಂಟು ವರ್ಷಗಳ ಹಿಂದೆ ಅವನೊಡನೆ ಕುಣಿಯಲು ಒಪ್ಪದಿದ್ದ ಸಂಗತಿ. ಅದನ್ನು ಅವನು ಪೋಸ್ಟಾಫೀಸಿನವರೆಗೂ ವಿವರಿಸಿದ.

ಪೋಸ್ಟಾಫೀಸಿನವಳು, "ಓಪಲ್ ಮೇವಿನ ಅಂಗಡಿ ಕಡೆ ಓಡಿದ್ರು" ಎಂದಳು. ಮೇವಿನ ಅಂಗಡಿಯವನು, "ಐದು ನಿಮಿಷ ಮುಂಚೆ ಬಂದಿದ್ರೆ ಸಿಕ್ತಿದ್ರು. ಲೈಬ್ರರಿ ಕಡೆ ತಿರುಗಿದ್ರು" ಎಂದು ವೆಂಡೆಲನ ಬೆವರು ನೋಡಿ, ಕೇಳದೆಯೇ ಒಂದು ಬಾಟಲಿ ತಣ್ಣೀರು ಕೈಗಿಟ್ಟ. ಲೈಬ್ರರಿಯ ಕಡೆ ಬಂದರೆ ಅಲ್ಲಿ ಕಾರು, ಟ್ರೇಲರು, ಖಾಲಿ ಬೀದಿ. ಓಪಲ್ ಅಷ್ಟರಲ್ಲಿ ಹೋಟೆಲಿಗೆ ಹೋಗಿದ್ದರು. ವೆಂಡೆಲ್ ಹೋಟೆಲಿಗೆ ಹೋದಾಗ ಅವರು ಪೋಸ್ಟಾಫೀಸಿಗೆ ಹೋಗಿದ್ದರು. ಹೀಗೆ ಒಂದೇ ಊರಿನಲ್ಲಿ ಇಬ್ಬರು ಮುದುಕರು, ಗಡಿಯಾರದ ಎರಡು ಮುಳ್ಳುಗಳಂತೆ, ಒಂದೂಕಾಲು ಗಂಟೆ ಸುತ್ತಿದರು.

ನಡುವೆ ಫೋನು ಬಡಿಯಿತು. ಎಮಿಲ್.

"ಎಲ್ಲಿದ್ದೀಯೋ?"

"ಗ್ರೆಟ್ನರಲ್ಲಿ. ಚಾರ್ಜು... ಆಗೋದರಲ್ಲಿದೆ."

"ಏನೋ ಏದುಸಿರು? ತಳ್ತಾ ಇದ್ದೀಯಾ?"

"ಇಲ್ಲಪ್ಪ, ವಾಕಿಂಗ್."

"ಹೂಂ. ಐದಕ್ಕೆ ಊಟ" ಎಂದು ಎಮಿಲ್ ಫೋನಿಟ್ಟ.

ಕೊನೆಗೆ ಹ್ಯೂಬರ್ಟನಿಗೆ ಚರ್ಚು ನೆನಪಾಯಿತು. ಚರ್ಚಿನ ಅಡುಗೆಮನೆಯಲ್ಲಿ ದಪ್ಪನೆಯ ಹೆಂಗಸೊಬ್ಬಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪಾತ್ರೆ ತಿಕ್ಕುತ್ತಿದ್ದಳು.

"ಓಪಲ್ಲಾ? ಹನ್ನೊಂದೂಕಾಲಿಗೇ ಹನ್ನೊಂದು ಊಟದ ಡಬ್ಬಿ ತಗೊಂಡು ಹೋದ್ರು. ಮನೆ ಬಿಟ್ಟು ಬರಲಾಗದ ಮುದುಕರಿಗೆ ದಿನಾ ಅವರೇ ಮುಟ್ಟಿಸೋದು. ಇವತ್ತು ಒಬ್ಬರಿಗೂ ಮುಟ್ಟಿಲ್ಲ! ಫೋನ್ ಮೇಲೆ ಫೋನ್. ಯಾರೋ ಮನೆಯಷ್ಟು ದೊಡ್ಡ ಪೆಟ್ಟಿಗೆ ತಂದು ಅವರ ಕಾರಿನ ಹಿಂದೆ ಅಡ್ಡ ಇಟ್ಟು, ಬೀಗ ಬೇರೆ ಹಾಕಿ, ಮಾಯ ಆಗಿದ್ದಾನಂತೆ."

"ಪಾ..." ಎಂದ ವೆಂಡೆಲ್. ಉಳಿದ ಅಕ್ಷರ ಬರಲಿಲ್ಲ.

ಹ್ಯೂಬರ್ಟ್ ನಿಧಾನವಾಗಿ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಪುಣ್ಯಾತ್ಮ" ಎಂದ.

ಇಬ್ಬರೂ ಓಡಿದರು, ಎಪ್ಪತ್ತು ವರ್ಷದವರು ಓಡುವುದಕ್ಕೆ ಓಟ ಎನ್ನಬಹುದಾದರೆ.

ಟ್ರೇಲರಿನ ಮೆಟ್ಟಿಲ ಮೇಲೆ ಬಿಳಿ ಕೂದಲಿನ ಸಣಕಲು ಹೆಂಗಸೊಬ್ಬರು ಕೂತಿದ್ದರು. ಪಕ್ಕದಲ್ಲಿ ಊಟ ಆರದಂತೆ ಇಡುವ ಎರಡು ದೊಡ್ಡ ಚೀಲಗಳು. ಅವುಗಳ ಮೇಲೆ ತಮ್ಮ ಸ್ವೆಟರನ್ನೂ ಹೊದಿಸಿದ್ದರು.

"ನಿಮ್ಮ ಮೆಟ್ಟಿಲು ಚೆನ್ನಾಗಿದೆ" ಎಂದರು ಓಪಲ್ ಝಿಮ್ಮರ್. "ಮೂರು ಸಲ ಬಾಗಿಲು ತಟ್ಟಿದೆ. ನಾಲ್ಕನೇ ಸಲಕ್ಕೆ ಕಾಲು ಸೋತು ಕೂತೆ."

ವೆಂಡೆಲ್ ಟೋಪಿ ತೆಗೆದು ಎದೆಗೊತ್ತಿಕೊಂಡ. ಕ್ಷಮೆ ಕೇಳಿದ. ಮತ್ತೆ ಕೇಳಿದ. ಅಣ್ಣ, ಎಂಬತ್ತು, ಐದು ಗಂಟೆ, ಎದುರುಗಾಳಿ ಎಲ್ಲ ಹೇಳಿದ. ಓಪಲ್ ಕಿವಿ ಹಿಂಡಲಿಲ್ಲ. "ಹೋಗಲಿ ಬಿಡಿ, ನಿಮ್ಮ ಮುಖ ನೋಡಿದ್ರೆ ನನಗಿಂತ ಹೆಚ್ಚು ನೀವೇ ಸುತ್ತಿದ್ದೀರ" ಎಂದರು.

"ಈಗಲೇ ಟ್ರೇಲರ್ ಎಳೀತೀನಿ ಮೇಡಂ. ನೀವು ಕಾರು ತಗೊಂಡು ಹೋಗಿ. ನಾನು ಒಂದೇ ಒಂದು ಗಂಟೆ ಚಾರ್ಜು ಹಾಕ್ಕೊಂಡು ಹೊರಟುಬಿಡ್ತೀನಿ."

"ಚಾರ್ಜು ಎಲ್ಲಿ ಹಾಕ್ತೀರ?"

"ಇಲ್ಲೇ. ಈ ಕಂಬಕ್ಕೆ."

ಓಪಲ್ ಹ್ಯೂಬರ್ಟನ ಮುಖ ನೋಡಿದರು. ಹ್ಯೂಬರ್ಟ್ ಮರ ನೋಡಿದ.

"ಅಯ್ಯೋ, ಇದು ಸತ್ತು ತಿಂಗಳಾಯ್ತಲ್ಲ! ಮೇ ತಿಂಗಳ ಆಲಿಕಲ್ಲು ಮಳೇಲಿ ಹೋಯ್ತು. ಊರಲ್ಲಿ ಕರೆಂಟ್ ಕಾರು ಇರೋದು ನಂದೊಂದೇ, ನಾನು ಮನೇಲಿ ಮಾಮೂಲಿ ಪ್ಲಗ್ಗಿಗೇ ರಾತ್ರಿಯಿಡೀ ಹಾಕ್ಕೋತೀನಿ. ಬೇರೆ ಯಾರಿಗೆ ಗೊತ್ತಾಗಬೇಕು?"

ವೆಂಡೆಲ್ ಕೇಬಲ್ಲು ತೋರಿಸಿದ. "ಮತ್ತೆ... ಅದು ನಿಮ್ಮ ಕಾರಿಗೆ ಸಿಕ್ಕಿಸಿದೆಯಲ್ಲ?"

"ಸಿಕ್ಕಿಸದೆ ನಿಲ್ಲಿಸಿದ್ರೆ ದಂಡ, ಅಲ್ಲಿ ಬೋರ್ಡ್ ಹಾಕಿದಾರೆ ನೋಡಿ. ಊರಲ್ಲಿ ನೆರಳು ಇರೋದು ಇದೊಂದೇ ಜಾಗದಲ್ಲಿ. ಊಟದ ಡಬ್ಬಿ ಇಡೋ ಕಾರು, ಬಿಸಿಲಲ್ಲಿ ಹೇಗೆ ನಿಲ್ಲಿಸಲಿ?"

ವೆಂಡೆಲ್ ಫೋನಿನಲ್ಲಿ ನಕ್ಷೆ ತೆರೆದ.

ಮುಂದಿನ ಕಂಬ ಅರವತ್ತು ಮೈಲಿ ಆಚೆ. ಟ್ರೇಲರ್ ಬಿಟ್ಟು ಹೋದರೂ ಒಂಬತ್ತು ಪರ್ಸೆಂಟು ಇಪ್ಪತ್ತೈದು ಮೈಲಿ ದಾಟಿಸಲಾರದು. "ನಮ್ಮ ಪಾರ್ಕಲ್ಲಿ ಟ್ರೇಲರಿನವರಿಗೆ ಅಂತ ಒಂದು ಪ್ಲಗ್ ಇದೆ. ದುಡ್ಡು ಕೊಡೋದು ಬೇಡ" ಎಂದ ಹ್ಯೂಬರ್ಟ್ ಮೆಲ್ಲಗೆ. "ಆದ್ರೆ ಬಡ ಪ್ಲಗ್ಗು. ದೀಪಕ್ಕೆ, ಫ್ಯಾನಿಗೆ ಸಾಕು. ನಿಮ್ಮ ಈ ಆನೆಗೆ ಹಾಕಿದ್ರೆ ನಾಡಿದ್ದು ಹೊಟ್ಟೆ ತುಂಬಬಹುದು."

ವೆಂಡೆಲ್ ಗಡಿಯಾರ ನೋಡಿದ, ಊಟದ ಚೀಲಗಳನ್ನು ನೋಡಿದ. ಹನ್ನೆರಡೂಮುಕ್ಕಾಲು. ಹನ್ನೊಂದು ಮನೆಗಳಲ್ಲಿ ಹನ್ನೊಂದು ಜನ ಬಾಗಿಲಿಗೆ ಕಣ್ಣಿಟ್ಟು ಕೂತಿದ್ದರು.

"ಒಂದು ಚೀಲ ನನಗೆ ಕೊಡಿ" ಎಂದ. "ಪಾರ್ಕಿಗೆ ಹೇಗೂ ಹೋಗಬೇಕು. ಆ ಕಡೆಯ ಮನೆಗಳಿಗೆ ನಾನು ಮುಟ್ಟಿಸ್ತೀನಿ. ಹ್ಯೂಬರ್ಟ್, ದಾರಿ ತೋರಿಸ್ತೀರಾ?"

ಅರ್ಲೀನಳನ್ನು ಲೈಬ್ರರಿಯಿಂದ ಕರೆದು, ಟ್ರೇಲರ್ ಕಟ್ಟಿ, ಮೂವರೂ ಹೊರಟರು. ಗ್ರೆಟ್ನರಿನ ಸಂದಿಗಳಲ್ಲಿ ಆ ಮೆರವಣಿಗೆ ಮದುವೆ ದಿಬ್ಬಣದ ಗತಿಯಲ್ಲಿ ಸಾಗಿತು. ಎರಡನೇ ಮನೆಯ ತೊಂಬತ್ತಮೂರರ ಅಜ್ಜಿ ಕಿಟಕಿಯಿಂದ ಟ್ರೇಲರ್ ನೋಡಿ ಕೈ ಜೋಡಿಸಿದರು. "ಬರೋದು ತಡ ಆದ್ರೂ ಅಡುಗೆಮನೇನೇ ಎಳ್ಕೊಂಡು ಬಂದ್ರಲ್ಲಪ್ಪ! ಊಟದ ಮೇಲಿನ ಸಿಹಿ ಪೈ ಹಿಂದಿನ ಕೋಣೇಲಿದೆಯಾ?" ಅರ್ಲೀನ್ ಹಿಂದೆ ಹೋಗಿ, ತಾನು ದಾರಿಗೆಂದು ಬೇಯಿಸಿ ತಂದಿದ್ದ ಸೇಬಿನ ಹೂರಣದ ಪೈಯನ್ನು ಕತ್ತರಿಸಿ ತಂದಳು. ಮುಂದಿನ ಮನೆಗಳಿಗೂ ಕತ್ತರಿಸಿದಳು. ಕೊನೆಗೆ ಬರಿಯ ತಟ್ಟೆ ಉಳಿಯಿತು.

ಪಾರ್ಕಿನಲ್ಲಿ ಪ್ಲಗ್ಗು ಸಿಕ್ಕಿಸುವಾಗ ಪರದೆಯ ಮೇಲೆ ನಾಲ್ಕು ಪರ್ಸೆಂಟು. ವೆಂಡೆಲ್ ಅಣ್ಣನಿಗೆ ಫೋನ್ ಮಾಡಿದ. ಸುಳ್ಳು ಹೇಳಲು ಶಕ್ತಿ ಇರಲಿಲ್ಲ. ಎಲ್ಲವನ್ನೂ ಹೇಳಿದ, ನೀಲಿ ಕಾರಿನಿಂದ ಪೈಯ ತಟ್ಟೆಯವರೆಗೆ.

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

"ಹನ್ನೊಂದೂ ಮುಟ್ಟಿತಾ?" ಎಂದು ಕೇಳಿದ ಎಮಿಲ್.

"ಮುಟ್ಟಿತು."

ಫೋನು ಕಟ್ಟಾಯಿತು.

"ಮುಗೀತು" ಎಂದ ವೆಂಡೆಲ್. "ಇನ್ನು ಎಷ್ಟು ತಿಂಗಳೋ."

"ನಗಲೂ ಇಲ್ಲ, ಬೈಯಲೂ ಇಲ್ಲವಾ?" ಎಂದಳು ಅರ್ಲೀನ್. "ಹಾಗಾದ್ರೆ ಇರು, ನೋಡೋಣ."

ಐದು ಗಂಟೆಯಾಯಿತು. ಆ ಹೊತ್ತಿನಲ್ಲಿ ವೆಂಡೆಲ್ ಯಾರ ಕಣ್ಣಿಗೂ ಬೀಳದೆ ಟ್ರಕ್ಕಿನ ಗಾಜು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಡಾರ್ಲಾ ಫ್ಲಾಸ್ಕಿನಲ್ಲಿ ಕಾಫಿ ಕಳಿಸಿದಳು. ಓಪಲ್ ತಮ್ಮ ಮನೆಯಿಂದ ಮಡಿಸುವ ಕುರ್ಚಿಗಳನ್ನು ತಂದಿಟ್ಟು, "ನಾಳೆ ಪುರಸಭೆಯವರ ತಲೆ ತಿಂದು ಆ ಕಂಬ ಸರಿ ಮಾಡಿಸ್ತೀನಿ. ಇವನೂ ಬರ್ತಾನೆ" ಎಂದು ಹ್ಯೂಬರ್ಟನನ್ನು ತೋರಿಸಿದರು. ಹ್ಯೂಬರ್ಟ್ ಐವತ್ತೆಂಟು ವರ್ಷ ಎಳೆಯವನಾದಂತೆ ಕಂಡ.

ಏಳೂವರೆಗೆ, ಹೊತ್ತು ಇನ್ನೂ ಮುಳುಗದಿರುವಾಗ, ಹಳೆಯ ಪಿಕಪ್ಪೊಂದು ಪಾರ್ಕಿಗೆ ತಿರುಗಿತು. ಅದರಿಂದ ಕೆಂಪು ಟೈ ಕಟ್ಟಿದ ಎಂಬತ್ತರ ಎಮಿಲ್ ಒಂದೊಂದೇ ಕಾಲು ಊರಿ ಇಳಿದ. ವೆಂಡೆಲ್ ಎದ್ದು ನಿಂತ. ಬೈಗುಳ ಬಂದರೆ ಹೇಳಲು ಮೂರು ಉತ್ತರಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡ.

ಎಮಿಲ್ ಟ್ರಕ್ಕಿಗೆ ಒಂದು ಸುತ್ತು ಬಂದ. ಕೇಬಲ್ಲು ಹಿಡಿದು ಪ್ಲಗ್ಗಿನವರೆಗೂ ನಡೆದ. ಬಗ್ಗಿ ನೋಡಿ, ಸಡಿಲವಾಗಿದ್ದ ಪ್ಲಗ್ಗನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿದ.

ಆಮೇಲೆ ಪಿಕಪ್ಪಿನ ಸೀಟಿನಿಂದ ಟವೆಲಿನಲ್ಲಿ ಸುತ್ತಿದ ಗಂಟು ತೆಗೆದ. ಒಳಗೆ ಮೂರು ತಟ್ಟೆಗಳು: ಹುರಿದ ಹಂದಿಮಾಂಸ, ಹಿಟ್ಟಿನ ಕಡುಬು, ಹುಳಿ ಎಲೆಕೋಸು. ಮೂರನ್ನೂ ಯಾರೂ ಮುಟ್ಟಿರಲಿಲ್ಲ. ಒಂದನ್ನು ಅರ್ಲೀನಳಿಗೆ ಕೊಟ್ಟ, ಒಂದನ್ನು ತನಗೆಂದು ಖಾಲಿ ಕುರ್ಚಿಯ ಮೇಲಿಟ್ಟ. ಜೇಬಿನಿಂದ ಫೋರ್ಕೊಂದನ್ನು ತೆಗೆದು ಹುಟ್ಟುಹಬ್ಬದ ಟೈಗೆ ಒರೆಸಿ, ಮೂರನೆಯ ತಟ್ಟೆಯ ಅಂಚಿಗೆ ಸಿಕ್ಕಿಸಿ, ತಮ್ಮನ ಕೈಗಿಟ್ಟ.