ಬ್ರೇಕ್ ಮೇಷ್ಟ್ರ ಮರೆವು

ಎಲ್ಲ ಅನಾಹುತಕ್ಕೂ ಕಾರಣ ಒಂದು ಕಾರಿನ ಕೀ. ಹೋದ ತಿಂಗಳವರೆಗೆ ಅದು ಬ್ರೇಕ್ ಮೇಷ್ಟ್ರ ಅಂಗಿಯ ಜೇಬಿನಲ್ಲಿತ್ತು. ಈಗ ಅವರ ಹೆಂಡತಿಯ ಕೈಚೀಲ ಸೇರಿದೆ.

ಮೇಷ್ಟ್ರು ಅಂದರೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಜೀವಮಾನವೆಲ್ಲ ಡ್ರೈವಿಂಗ್ ಸ್ಕೂಲು ನಡೆಸಿ ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವರು. ಕಲಿಯುವವರ ಪಕ್ಕದಲ್ಲಿ ಕೂತು "ಬ್ರೇಕ್! ಬ್ರೇಕ್!" ಎಂದು ಅರಚಿ ಅರಚಿ ಆ ಹೆಸರು ಅಂಟಿಕೊಂಡಿತು. ಸ್ಕೂಲು ಮುಚ್ಚಿದರೂ ಬಲಗಾಲು ಮಾತ್ರ ಚಾಳಿ ಬಿಡಲಿಲ್ಲ. ಎದೆ ಧಸಕ್ಕೆಂದರೆ ಸಾಕು, ಕಾಲು ತಾನಾಗಿ ನೆಲ ಒತ್ತುತ್ತದೆ. ದಂತವೈದ್ಯರ ಕುರ್ಚಿಯಲ್ಲೂ ಒತ್ತಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಮುಂದಿದ್ದವರ ಹಿಮ್ಮಡಿಯ ಮೇಲೂ ಒತ್ತಿದ್ದಾರೆ.

ಕೀ ಹೋದದ್ದು ಹೆಂಡತಿಯ ಅಕ್ಕನ ದೆಸೆಯಿಂದ. ಅತ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತರೆಂದರೆ ಬಾಯಿಗೆ ಬಿಡುವಿಲ್ಲ. "ಹಾರ್ನ್ ಹೊಡೀರಿ. ಎಡಕ್ಕೆ ನೋಡಿ. ಗೇರು ಯಾಕೆ ಹಂಗೆ ಕಿರಗುಡ್ತು?" ಅರ್ಧ ಊರಿಗೆ ಕಲಿಸಿದ ಮನುಷ್ಯನಿಗೆ! ಆವತ್ತು ಪೆಟ್ರೋಲ್ ಬಂಕಿನಲ್ಲಿ ಅತ್ತಿಗೆ ಕೈ ತೊಳೆಯಲು ಇಳಿದರು. ಪೆಟ್ರೋಲು ಹಾಕಿಸಿಕೊಂಡ ಮೇಷ್ಟ್ರು ಅವರನ್ನು ಅಲ್ಲೇ ಬಿಟ್ಟು ನೆಟ್ಟಗೆ ಮನೆಗೆ ಬಂದರು.

"ಅಕ್ಕ ಎಲ್ರೀ?" ಎಂದಳು ಹೆಂಡತಿ.

"ಅಯ್ಯಯ್ಯೋ! ಮರ್ತೇ ಹೋಯ್ತು ಕಣೇ!" ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು.

ಶುದ್ಧ ಸುಳ್ಳು. ನಮ್ಮ ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಅತ್ತಿಗೆ ಕೈಬೀಸುತ್ತ ಓಡಿ ಬಂದದ್ದನ್ನು ಅವರು ಕನ್ನಡಿಯಲ್ಲಿ ಕಣ್ಣಾರೆ ಕಂಡಿದ್ದರು. ಆದರೆ ಆ ಸುಳ್ಳಿನ ಬೆಲೆ ಇಷ್ಟು ದುಬಾರಿ ಆಗುತ್ತದೆಂದು ಅವರಿಗೇನು ಗೊತ್ತು! "ಮನುಷ್ಯರನ್ನೇ ಮರೆಯೋರ ಕೈಗೆ ಕಾರು ಕೊಡೋದುಂಟಾ?" ಎಂದು ಹೆಂಡತಿ ಕೀ ಕಿತ್ತಿಟ್ಟುಕೊಂಡಳು. ನಿಜ ಹೇಳಿದರೆ ಮನೆಯಲ್ಲಿ ಉಳಿಗಾಲವಿಲ್ಲ, ಹೇಳದಿದ್ದರೆ ಕೀ ಇಲ್ಲ. ಮೇಷ್ಟ್ರು ಅಕ್ಷರಶಃ ಒಣಗಿಹೋದರು.

ದಾರಿ ತೋರಿಸಿದವರು ಪಕ್ಕದ ಮನೆಯ ನಿವೃತ್ತ ವಿಮಾ ಏಜೆಂಟರು. ಕಂಡವರಿಗೆಲ್ಲ ಪಾಲಿಸಿ ಮಾಡಿಸಿ ಪಾಲಿಸಿಯವರೇ ಆಗಿಬಿಟ್ಟ ಆಸಾಮಿ. "ವಯಸ್ಸಾದೋರ ನೆನಪಿನ ಮೇಲೆ ಸಂಶೋಧನೆ ನಡೀತಿದೆ ಮೇಷ್ಟ್ರೇ. ನಮ್ಮಂಥೋರೇ ಸ್ವಯಂಸೇವಕರು. ಒಬ್ಬರಿಂದ ಒಬ್ಬರು ಕಲಿಯೋದು, ಕಲಿಸೋದು. ನಿಮ್ಮ ನೆನಪು ಗಟ್ಟಿ ಅಂತ ಅಲ್ಲಿನ ಡಾಕ್ಟ್ರಮ್ಮ ಒಂದು ಮಾತು ಅಂದ್ರೆ, ನಿಮ್ಮ ಮನೆಯವ್ರು ಕೀ ಕೊಡದೆ ಏನ್ಮಾಡ್ತಾರೆ?"

ಮೇಷ್ಟ್ರು ಅಂದೇ ಹೋಗಿ, ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಿ ಬಂದರು.

ಬುಧವಾರ ಬೆಳಿಗ್ಗೆ ಹೆಂಡತಿ ಎಂದಿನಂತೆ ವಾಕಿಂಗಿಗೆ ಹೊರಟಳು. ಕೆಲವು ತಿಂಗಳಿಂದ ಬುಧವಾರ ಬಂದರೆ ಅವಳ ವಾಕಿಂಗು ಊಟದ ಹೊತ್ತಿನವರೆಗೂ ಮುಗಿಯುತ್ತಿರಲಿಲ್ಲ. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಗೇಟು ದಾಟುವಷ್ಟರಲ್ಲಿ ಪಾಲಿಸಿಯವರು ಎದುರಾದರು.

"ಇವತ್ತಾದ್ರೂ ದಾರಿ ನೆನಪಿದೆಯಾ, ನಾನೇ ಬರ್ಲಾ?"

"ಇವತ್ತಾದ್ರೂ ಅಂದ್ರೆ? ಇವತ್ತೇ ತಾನೇ ಮೊದಲ್ನೇ ದಿನ?"

ಪಾಲಿಸಿಯವರು ಸಾವಿನ ಮನೆಯಲ್ಲಿ ತಟ್ಟುವ ಹಾಗೆ ಮೇಷ್ಟ್ರ ಭುಜ ಮೆಲ್ಲಗೆ ತಟ್ಟಿ ಒಳಗೆ ಹೋದರು. ಮೇಷ್ಟ್ರ ಬಲಗಾಲು ಫುಟ್‌ಪಾತನ್ನು ಒಂದು ಸಲ ಒತ್ತಿತು.

ಸಂಶೋಧನೆಯ ಕಟ್ಟಡ ಹಳೆಯದು. ಉದ್ದದ ಕಾರಿಡಾರಿನಲ್ಲಿ ಒಂದು ಟ್ಯೂಬ್‌ಲೈಟು ಹತ್ತಲೋ ಆರಲೋ ಎಂದು ಮಿಣುಕುತ್ತಿತ್ತು. ಎಲ್ಲೂ ಒಂದು ನರಪಿಳ್ಳೆಯಿಲ್ಲ. ಗೋಡೆಗಳಿಂದ ಆಸ್ಪತ್ರೆಯದೂ ಅಲ್ಲದ, ಶಾಲೆಯದೂ ಅಲ್ಲದ ಒಂದು ತಣ್ಣನೆ ವಾಸನೆ ಬರುತ್ತಿತ್ತು. ಕೊನೆಯ ಬಾಗಿಲು ಅರೆತೆರೆದಿತ್ತು. ಒಳಗೆ ದುಂಡಗೆ ಹಾಕಿದ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಮುದಿ ತಲೆಗಳು. ಮೇಷ್ಟ್ರು ಹೊಸ್ತಿಲಲ್ಲಿ ಕಾಲಿಟ್ಟದ್ದೇ ತಡ, ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು.

"ಬಂದ್ರಾ ಮೇಷ್ಟ್ರೇ?" ಎಂದರು ಎಲ್ಲರೂ, ಒಂದೇ ದನಿಯಲ್ಲಿ.

ಒಂದು ಕುರ್ಚಿ ಮಾತ್ರ ಖಾಲಿಯಿತ್ತು. ಅದರ ಬೆನ್ನಿಗೆ ಒಂದು ಕಂದು ಸ್ವೆಟರು ನೇತಾಡುತ್ತಿತ್ತು. ಮೇಷ್ಟ್ರು ಅದರ ತೋಳು ತಿರುಗಿಸಿ ನೋಡಿದರು. ಮೊಣಕೈ ಹತ್ತಿರ ನೀಲಿ ದಾರದ ಹೊಲಿಗೆ. ಕಂದು ದಾರ ಮುಗಿದಿದೆಯೆಂದು ಹೆಂಡತಿ ನೀಲಿಯಲ್ಲೇ ಹೊಲಿದದ್ದು. ನಾಲ್ಕೈದು ದಿನದಿಂದ ಮನೆಯಿಡೀ ಹುಡುಕಿ, ಸಿಗದೆ ಕೈಬಿಟ್ಟಿದ್ದ ಅವರದೇ ಸ್ವೆಟರು!

"ಹೋದ ವಾರ ಬಿಟ್ಟು ಹೋದ್ರಲ್ಲ, ಎತ್ತಿಟ್ಟೆ," ಎಂದರು ಪಕ್ಕದ ಕುರ್ಚಿಯ ನಿವೃತ್ತ ನರ್ಸಮ್ಮ. "ಚಹಾ ತಗೊಳ್ಳಿ. ಸಕ್ಕರೆ ಹಾಕಿಲ್ಲ. ಎಡಗಡೆಯಿಂದ ಕುಡೀರಿ, ಬಲಗಡೆ ದವಡೆಹಲ್ಲು ಜುಮ್ಮನ್ನುತ್ತಲ್ಲ ನಿಮಗೆ."

ಆ ಹಲ್ಲಿನ ಸುದ್ದಿ ಮನೆಯ ಗೋಡೆಗಳಿಗೆ ಬಿಟ್ಟರೆ ಹೊರಗೆ ಗೊತ್ತಿರಲಿಲ್ಲ. ಮೇಷ್ಟ್ರು ಕಪ್ಪು ಕೆಳಗಿಟ್ಟರು. ಎದುರಿಗೆ ಟೋಪಿ ಹಾಕಿದ ಮುದುಕರೊಬ್ಬರು, ಒಂದು ಕಾಲದ ಆಂಬುಲೆನ್ಸ್ ಡ್ರೈವರಂತೆ, ಕಣ್ಣು ಮಿಟುಕಿಸದೆ ನಗುತ್ತಿದ್ದರು. ಕಿಟಕಿಯ ಹತ್ತಿರ ಇನ್ನೊಬ್ಬರು ಗುಂಪಿಗೆ ಬೆನ್ನು ತಿರುಗಿಸಿ, ತಲೆತುಂಬ ಬೂದು ಕಂಬಳಿ ಹೊದ್ದು ಕೂತಿದ್ದರು. ಮುಖ ಕಾಣದು, ಮಾತಿಲ್ಲ. ಹೆಣಿಗೆಯ ಕಡ್ಡಿಗಳ ಟಿಕ್ ಟಿಕ್ ಮಾತ್ರ ಕೇಳಿಸುತ್ತಿತ್ತು.

"ಅವರ್ಯಾರು?"

"ಪ್ರತಿ ಸಲಾನೂ ಕೇಳ್ತೀರಿ," ಎಂದರು ನರ್ಸಮ್ಮ. "ಅವರು ಬರೀ ನೋಡೋಕೆ ಬರೋರು."

ಬೆನ್ನು ತಿರುಗಿಸಿಕೊಂಡು ನೋಡೋದು ಹೇಗೆಂದು ಮೇಷ್ಟ್ರು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಡಾಕ್ಟ್ರಮ್ಮ ಬಂದರು. ಮೆದು ಮಾತಿನ ಹೆಂಗಸು. "ಶುರು ಮಾಡೋಣ. ಮೇಷ್ಟ್ರು ಏನಾದ್ರೂ ಹೇಳಲಿ."

ಮೇಷ್ಟ್ರು ಧೈರ್ಯ ತಂದುಕೊಂಡರು. ಎಂಥ ಸಭೆಯಲ್ಲೂ ಅವರ ಕೈಬಿಡದ ಒಂದು ಜೋಕು ಇತ್ತು. "ನನ್ನ ಹತ್ರ ಒಬ್ಬ ಹೊಸ ಮದುಮಗ ಡ್ರೈವಿಂಗ್ ಕಲಿಯೋಕೆ ಬಂದಿದ್ದ. ರಿವರ್ಸ್ ಗೇರು ಯಾವಾಗ ಹಾಕ್ಬೇಕು ಅಂತ ಕೇಳ್ದ. ನಾನಂದೆ..."

"...ಮಾವ ಎದುರಿಗೆ ಬಂದಾಗ!" ಎಂದಿತು ಇಡೀ ಕೋಣೆ. ಆಮೇಲೆ ಎಲ್ಲರೂ ನಕ್ಕರು. ಒಬ್ಬೊಬ್ಬರ ನಗುವೂ ಮೇಷ್ಟ್ರದೇ ನಗು: ಮೊದಲು ಮೂಗಿನಲ್ಲೊಂದು ಗೊರಕೆ, ಆಮೇಲೆ ಹಿಹ್ಹಿಹ್ಹಿ. ಹನ್ನೆರಡು ಬಾಯಿಯಿಂದ ತನ್ನದೇ ನಗೆ ಕೇಳಿದರೆ ಯಾವನಿಗೆ ಬೆವರು ಕಿತ್ತುಕೊಳ್ಳದು? ಮೇಷ್ಟ್ರ ಬಲಗಾಲು ನೆಲ ಬಿಟ್ಟು ಏಳಲೇ ಇಲ್ಲ.

"ಒಂದ್ನಿಮಿಷ" ಎಂದು ಕಾರಿಡಾರಿಗೆ ಓಡಿ ಹೆಂಡತಿಗೆ ಫೋನು ಹಚ್ಚಿದರು. "ಲೇ, ಕೇಳಿಲ್ಲಿ. ನಾನು ಈ ಸಂಶೋಧನೆಗೆ ಇವತ್ತೇ ಅಲ್ವೇನೇ ಮೊದಲು ಬಂದಿದ್ದು?"

ಆ ಕಡೆ ಒಂದು ನಿಟ್ಟುಸಿರು. "ಪ್ರತಿ ಬುಧವಾರ ಇದೇ ಹೊತ್ತಿಗೆ ಫೋನ್ ಮಾಡಿ ಇದನ್ನೇ ಕೇಳ್ತೀರಲ್ರೀ. ಗಾಬರಿಯಾಗ್ಬೇಡಿ. ಚಹಾ ಕುಡೀರಿ."

ದನಿ ಫೋನಿನಿಂದಲೂ ಬಂದಂತಿತ್ತು, ಪಕ್ಕದ ಗೋಡೆಯ ಆಚೆಯಿಂದಲೂ ಬಂದಂತಿತ್ತು. ಮೇಷ್ಟ್ರು ಗೋಡೆಗೆ ಒರಗಿಕೊಂಡರು. ಹೋದ ಬುಧವಾರ ಏನು ಮಾಡಿದೆ? ಮನೆಯಲ್ಲಿ ಒಬ್ಬರೇ ಇದ್ದರು. ಪೇಪರು ಓದುತ್ತ ಆರಾಮಕುರ್ಚಿಯಲ್ಲಿ ನಿದ್ದೆ ಹೋದರು. ಅದರ ಹಿಂದಿನ ಬುಧವಾರ? ಆವತ್ತೂ ನಿದ್ದೆಯೇ. ಅದು ನಿದ್ದೆಯೇ ಆಗಿತ್ತೋ? ಅಥವಾ ಕಾಲುಗಳು ತಮ್ಮಷ್ಟಕ್ಕೆ ಎದ್ದು ಇಲ್ಲಿಗೆ ಬಂದು, ಚಹಾ ಕುಡಿದು, ಸ್ವೆಟರು ಬಿಟ್ಟು, ಮತ್ತೆ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದವೋ? ಹೋದ ತಿಂಗಳು ಸುಳ್ಳು ನೆಪವಾಗಿ ಹೇಳಿದ ಮರೆವು ಈಗ ನಿಜವಾಗಿಯೇ ಮನೆ ಹೊಕ್ಕಿದೆಯೋ? ಮೇಷ್ಟ್ರಿಗೆ ಬದುಕಿನಲ್ಲಿ ಮೊದಲ ಸಲ ಅಷ್ಟು ಭಯವಾಯಿತು. ಕೀ ಹೋದರೆ ಹೋಗಲಿ, ನಾನೇ ಹೋದರೆ ಏನು ಗತಿ ಎನ್ನಿಸಿ ಕಣ್ಣು ತುಂಬಿಕೊಂಡವು.

ಒಳಗೆ ಬಂದು ಕುಸಿದು ಕೂತರು. "ನನಗೆ ಇಲ್ಲಿಗೆ ಬಂದ ನೆನಪೇ ಇಲ್ಲ. ನೀವು ಎಷ್ಟು ಜನ ಹೇಳಿದ್ರೂ ಇಲ್ಲ. ಆಣೆ ಹಾಕಿ ಹೇಳ್ತೀನಿ."

"ಸರಿ," ಎಂದರು ಡಾಕ್ಟ್ರಮ್ಮ ಇನ್ನೂ ಮೆದುವಾಗಿ. "ಹಾಗಾದ್ರೆ ಒಂದು ಪರೀಕ್ಷೆ. ಪೆಟ್ರೋಲ್ ಬಂಕಿನ ದಿನ ನಿಮ್ಮ ತಲೆಯಿಂದ ಪೂರ್ತಿ ಅಳಿಸಿಹೋಗಿದೆ ಅಂತಾರೆ ಮನೆಯವರು. ಅದು ನೆನಪಿದ್ರೆ ನಿಮ್ಮ ತಲೆ ಗಟ್ಟಿ. ಇಲ್ಲದಿದ್ರೆ..."

ಹೆಣಿಗೆಯ ಟಿಕ್ ಟಿಕ್ ನಿಂತಿತು. 

ಮೇಷ್ಟ್ರು ತೂಗಿ ನೋಡಿದರು. ಒಂದು ಕಡೆ ಕೆಟ್ಟ ಮನುಷ್ಯ, ಇನ್ನೊಂದು ಕಡೆ ಮರೆಗುಳಿ ಮನುಷ್ಯ. ಕೆಟ್ಟವನೇ ವಾಸಿ ಅನ್ನಿಸಿತು. ಕೆಟ್ಟವನಿಗೆ ತಾನು ಯಾರೆಂದಾದರೂ ಗೊತ್ತಿರುತ್ತದಲ್ಲ.

"ನೆನಪಿದೆ ತಾಯೀ!" ಎಂದು ಎದ್ದು ನಿಂತರು. "ಅಕ್ಷರ ಅಕ್ಷರ ನೆನಪಿದೆ! ಅತ್ತಿಗೆ ಹಸಿರು ಕೋಟು ಹಾಕಿದ್ರು. ಮನೆಯಿಂದ ಬಂಕಿನವರೆಗೂ ಬಾಯಿ ಮುಚ್ಚಲಿಲ್ಲ. 'ಕ್ಲಚ್ಚಿನ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಲ್ಲ, ನಿಮಗ್ಯಾರು ಕಲಿಸಿದ್ದು' ಅಂದ್ರು. ನನಗೆ! ಕೈ ತೊಳೆಯೋಕೆ ಇಳಿದ್ರು. ಕಾರೊಳಗೆ ಏನು ನಿಶ್ಶಬ್ದ ಅಂತೀರಿ! ಎಂಜಿನ್ ಸದ್ದು ಎಷ್ಟು ಚೆನ್ನಾಗಿದೆ ಅಂತ ಆವತ್ತೇ ಗೊತ್ತಾಗಿದ್ದು. ಹೊರಟುಬಿಟ್ಟೆ. ಕನ್ನಡಿಲಿ ಕಂಡ್ರು, ಕೈಚೀಲ ಬೀಸ್ತಾ ಓಡಿ ಬರ್ತಿದ್ರು. ಜೀವನಪೂರ್ತಿ ಬ್ರೇಕ್ ಬ್ರೇಕ್ ಅಂದೋನು ಆವತ್ತೊಂದಿನ ಬ್ರೇಕ್ ಹಾಕ್ಲಿಲ್ಲ. ಹಾಡು ಹೇಳ್ಕೊಂಡು ಮನೆಗೆ ಬಂದೆ. ಈಗ ಹೇಳಿ, ಮರೆಗುಳೀನಾ ನಾನು?"

 ಡಾಕ್ಟ್ರಮ್ಮ ಚಪ್ಪಾಳೆ ತಟ್ಟಿದರು. ಕೋಣೆಯೆಲ್ಲ ನಗೆಯಲ್ಲಿ ಮುಳುಗಿತು. ಈ ಸಲ ಒಬ್ಬೊಬ್ಬರದು ಒಂದೊಂದು ನಗೆ.

"ಕ್ಷಮಿಸಿ ಮೇಷ್ಟ್ರೇ. ನೀವು ಇಲ್ಲಿಗೆ ಬಂದಿದ್ದು ಇವತ್ತೇ ಮೊದಲು. ಇದೇ ನಮ್ಮ ಪ್ರಯೋಗ. ಹತ್ತಾರು ಜನ ಸೇರಿ 'ನಿಮಗೆ ಮರ್ತುಹೋಗಿದೆ' ಅಂದ್ರೆ, ವಯಸ್ಸಾದೋರು ತಮ್ಮ ನೆನಪನ್ನ ನಂಬ್ತಾರಾ, ಜನರನ್ನ ನಂಬ್ತಾರಾ ಅಂತ. ಇಲ್ಲಿರೋರೆಲ್ಲ ಒಂದೊಂದಿನ ಆ ಖಾಲಿ ಕುರ್ಚೀಲಿ ಕೂತೋರೇ, ಎಲ್ಲರೂ ಸೋತೋರೇ. ಕೊನೆವರೆಗೂ ಬಗ್ಗದೆ ನಿಂತೋರು ನೀವೊಬ್ಬರೇ! ನಿಮ್ಮ ನೆನಪು ಕಲ್ಲುಗುಂಡು."

ಮೇಷ್ಟ್ರಿಗೆ ಕುಣಿಯಬೇಕೆನ್ನಿಸಿತು. "ಹೌದಾ! ಹಾಗಾದ್ರೆ ನನ್ನ ಹೆಂಡತಿಗೆ ಇದನ್ನೇ ಹೇಳಿಬಿಡಿ ತಾಯೀ. ಕೀ ಕೊಡಲಿ."

ಹಾಗೆನ್ನುವಾಗಲೇ ಅವರ ಬುದ್ಧಿಗೆ ಹೊಳೆಯಿತು. ಸ್ವೆಟರು, ಹಲ್ಲು, ಜೋಕು: ಇಷ್ಟನ್ನೂ ಇವರಿಗೆ ಹೇಳಿಕೊಟ್ಟವರು ಯಾರು?

ಪಕ್ಕದ ಕೋಣೆಯ ಬಾಗಿಲು ತೆರೆದು ಹೆಂಡತಿ ಬಂದಳು. ಕೈಯಲ್ಲಿ ಫೋನು ಇನ್ನೂ ಇತ್ತು. ಕಿಟಕಿಯ ಬಳಿ ಬೂದು ಕಂಬಳಿ ನಿಧಾನವಾಗಿ ಜಾರಿತು. ಕುರ್ಚಿ ಕಿರ್ರೆಂದು ತಿರುಗಿತು. ಹಸಿರು ಕೋಟು ಹಾಕಿದ ಅತ್ತಿಗೆ ಮೇಷ್ಟ್ರನ್ನೇ ನೋಡುತ್ತಿದ್ದರು. ಅತ್ತಿಗೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರಬಲ್ಲರೆಂದು ಯಾವ ಸಂಶೋಧನೆ ತಾನೇ ಹೇಳೀತು? ಮೇಷ್ಟ್ರು ಎರಡು ಕಾಲಲ್ಲೂ ಬ್ರೇಕು ಒತ್ತಿದರು.

"ಹಾಡು ಬೇರೆ ಹೇಳಿದ್ರಾ?" ಎಂದರು ಅತ್ತಿಗೆ. ಅಷ್ಟೇ ಎಂದರು.

ಹೆಂಡತಿ ಬಯ್ಯಲಿಲ್ಲ, ಅಳಲಿಲ್ಲ.  "ನಡೀರಿ ಮನೆಗೆ. ಕಾರು ತಂದಿದೀನಿ," ಎಂದಳು.

"ಕಾರು? ಯಾರು ಓಡಿಸ್ಕೊಂಡು ಬಂದ್ರು?"

"ನಾನೇ. ಅರವತ್ತು ದಾಟಿದೋರು ಹೊಸ ಕೆಲಸ ಕಲೀಬಹುದಾ ಅಂತ ಇವರದ್ದೇ ಇನ್ನೊಂದು ಪ್ರಯೋಗ ಇದೆ. ಬುಧವಾರ ಬುಧವಾರ ವಾಕಿಂಗ್ ಅಂತ ಬಂದು ಕಲಿತೆ. ಲೈಸೆನ್ಸೂ ಬಂತು."

ಟೋಪಿಯವರು ಟೋಪಿ ಎತ್ತಿ ನಮಸ್ಕರಿಸಿದರು. "ಕಲಿಸಿದ್ದು ನಾನು. ನಿಮ್ಮ ಮನೆಯವರ ಕೈ ಬಹಳ ಚೆನ್ನಾಗಿ ಕೂತಿದೆ ಮೇಷ್ಟ್ರೇ. ಒಂದ್ಸಲಾನೂ ಬ್ರೇಕ್ ಅಂತ ಕೂಗಬೇಕಾಗ್ಲಿಲ್ಲ."

ವಾಪಸು ಹೋಗುವಾಗ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರು, ಹಿಂದಿನ ಸೀಟಿನಲ್ಲಿ ಹೆಗಲಿಗೆ ಸ್ವೆಟರು ಹಾಕಿಕೊಂಡ ಮೇಷ್ಟ್ರು. ಮುಂದುಗಡೆಯಿಂದ ಒಂದು ಮಾತಿಲ್ಲ. ಆ ಮೌನ ತಡೆಯಲಾರದೆ ಮೇಷ್ಟ್ರ ಬಾಯಿ ತಾನಾಗಿ ತೆರೆದುಕೊಂಡಿತು. "ಹಾರ್ನ್ ಹೊಡಿ. ಎಡಕ್ಕೆ ನೋಡು. ಲೇ, ಗೇರು ಯಾಕೆ ಹಂಗೆ ಕಿರಗುಡ್ತು?" ಯಾರೂ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಹೆಂಡತಿಯ ಕಣ್ಣುಗಳು ಮಾತ್ರ ಒಮ್ಮೆ ಅವರ ಮೇಲೆ ನೆಟ್ಟು ಮತ್ತೆ ರಸ್ತೆಗೆ ಹೋದವು.

ಕಾರು ಪೆಟ್ರೋಲ್ ಬಂಕಿನೊಳಗೆ ತಿರುಗಿತು. ಅದೇ ಬಂಕು.

"ಹಿಂದಿನ ಚಕ್ರದ ಗಾಳಿ ಕಡಿಮೆ ಇದೆಯೇನೋ, ಸ್ವಲ್ಪ ಇಳಿದು ನೋಡ್ತೀರಾ?" ಎಂದಳು ಹೆಂಡತಿ, ಎಷ್ಟೋ ದಿನದಿಂದ ಆಡದಿದ್ದ ಅಕ್ಕರೆಯ ದನಿಯಲ್ಲಿ. ಆ ಅಕ್ಕರೆಗೆ ಮೇಷ್ಟ್ರು ಕರಗಿದರು. ಸಿಟ್ಟು ಇಳಿದಿರಬೇಕು ಅಂದುಕೊಂಡು ಇಳಿದರು. ಬಗ್ಗಿ ಚಕ್ರ ಒತ್ತಿ ನೋಡಿದರು. ಗಾಳಿ ಸರಿಯಾಗಿಯೇ ಇತ್ತು. ಹಾಗೆಂದು ಹೇಳಲು ತಲೆ ಎತ್ತುವಷ್ಟರಲ್ಲಿ ಚಕ್ರ ಕೈಯಿಂದ ಜಾರಿ ಮುಂದೆ ಹೋಯಿತು.

"ಲೇ! ಲೇ! ಬ್ರೇಕ್! ಬ್ರೇಕ್!" ಮೇಷ್ಟ್ರು ಸ್ವೆಟರು ಬೀಸುತ್ತ ಓಡಿದರು. ಕಾರು ನಾಜೂಕಾಗಿ ಸಿಗ್ನಲ್ ಹಾಕಿ ಎಡಕ್ಕೆ ತಿರುಗಿತು. ಕಿಟಕಿಯಿಂದ ಅತ್ತಿಗೆಯ ಹಸಿರು ತೋಳು ಹೊರಬಂದು ನಿಧಾನವಾಗಿ ಕೈಬೀಸಿತು. ಹಾಡೊಂದು ಕೇಳಿಸಿದಂತಾಯಿತು. ಬ್ರೇಕಿನ ಕೆಂಪು ದೀಪ ಹತ್ತಲೇ ಇಲ್ಲ.

ಪೆಟ್ರೋಲು ಹಾಕುವವನು ಪೈಪು ಹಿಡಿದುಕೊಂಡೇ ಹತ್ತಿರ ಬಂದ. ಹೋದ ತಿಂಗಳೂ ಇದ್ದವನು ಅವನೇ. "ಏನ್ ಸಾರ್, ನಿಮ್ಮನ್ನ ಮರ್ತು ಹೋದ್ರಾ ಪಾಪ?"

ಮೇಷ್ಟ್ರ ಬಲಗಾಲು ಇನ್ನೂ ನೆಲವನ್ನು ಒತ್ತುತ್ತಲೇ ಇತ್ತು.

"ಇಲ್ಲಪ್ಪ," ಎಂದರು. "ಚೆನ್ನಾಗಿ ನೆನಪಿಟ್ಕೊಂಡೇ ಹೋದ್ರು."