ಹೋಂ ಪೇಜಿನಲ್ಲಿ ಮೂವತ್ತೊಂದು ಹೆಸರಿದ್ದು, ಅನುಮತಿ ಪತ್ರದಲ್ಲಿ ಒಂದೂ ಇಲ್ಲದಿರುವ ಕುರಿತು

ಹರಿಹರ,
ದಿನಾಂಕ: ೭-೫-೧೯೯೯, ಶುಕ್ರವಾರ

ಇಂದ:
ಕುಮಾರಿ ವಾಣಿ,
ಇಂಜಿನಿಯರಿಂಗ್ ಮೂರನೇ ವರ್ಷ,
ಖಾಯಂ ವಿಳಾಸ ದಾವಣಗೆರೆ. ಮುನಿಸಿಕೊಂಡು ಬಂದಿರುವ ಕಾರಣ ಹಾಲಿ ವಾಸ ತಾಯಿಯ ತವರುಮನೆ, ಹರಿಹರ.

ಗೆ:
ಶ್ರೀ ವಾಮದೇವಪ್ಪನವರು,
ಅರ್ಜಿದಾರಳ ದೊಡ್ಡಪ್ಪ ಹಾಗೂ ಕೂಡುಕುಟುಂಬದ ಯಜಮಾನರು,
ಚೌಕಿಪೇಟೆ, ದಾವಣಗೆರೆ.

ವಿಷಯ: ಕೊಯಮತ್ತೂರಿನ ಪಂಪ್ ಕಾರ್ಖಾನೆಯಲ್ಲಿ ಆರು ವಾರಗಳ ಬೇಸಿಗೆ ತರಬೇತಿಗೆ ಹೋಗುವ ಸಲುವಾಗಿ, ಕಾರ್ಖಾನೆಯವರು ಕೇಳಿರುವ ಅನುಮತಿ ಪತ್ರಕ್ಕೆ ಮನೆಯ ಹಿರಿಯರ ಸಹಿ ಕೋರಿ.

ಉಲ್ಲೇಖ:
೧. ಊಟಕ್ಕೆ ಕೂತಾಗ ತಾವು ಹೊರಡಿಸಿದ ಮೌಖಿಕ ಆದೇಶ: "ಯಾರಿಗೆ ಏನ್ ಬೇಕಾದ್ರೂ ಬರದು ಕೊಡ್ರಿ. ಬಾಯಿಮಾತು ಬ್ಯಾಡ."
೨. ಅರ್ಜಿದಾರಳ ತಂದೆಯವರ ಅಭಿಪ್ರಾಯ: "ಅಣ್ಣ ಹೂಂ ಅಂದ್ರ ನಂದೂ ಹೂಂ." ಇಷ್ಟು ಹೇಳಿ ಅವರು ಅಂಗಡಿಗೆ ಹೋಗಿರುತ್ತಾರೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರಳ ಪರವಾಗಿ ಅವಳ ತಾಯಿಯ ತಂದೆಯೂ, ಹರಿಹರದ ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ನಲವತ್ತು ವರ್ಷದಿಂದ ಊರವರ ಅರ್ಜಿ ಬರೆಯುತ್ತಿರುವವನೂ, ತಮಗೆ ಬೀಗನೂ ಆದ ಬಕ್ಕೇಶಪ್ಪನು ನಿವೇದಿಸುವುದೇನೆಂದರೆ:

೧. ಅರ್ಜಿದಾರಳಿಗೆ ಇಪ್ಪತ್ತು ತುಂಬಿದೆ. ಮನೆಯವರಿಲ್ಲದೆ ಅವಳು ಹೊರಗೆ ಉಳಿದದ್ದು ಒಮ್ಮೆ ಮಾತ್ರ, ಕೊಂಡಜ್ಜಿಯ ಗೈಡ್ಸ್ ಶಿಬಿರದಲ್ಲಿ. ಅಲ್ಲಿಗೂ ತಾವು ಮಾರನೇ ದಿನವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗಿ ವಿಚಾರಿಸಿಕೊಂಡು ಬಂದಿರುತ್ತೀರಿ. ಇಂಥವಳಿಗೆ ತರಬೇತಿಯ ಪತ್ರ ಬಂದದ್ದೇ, ಕಾಲೇಜಿನ ಹತ್ತಿರ ಹಿದಾಯತ್ ಎಂಬುವರು ಹೊಸದಾಗಿ ತೆರೆದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ತನ್ನದೊಂದು ಪುಟ ಶುರುಮಾಡಿದಳು. ದಿನಚರಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಲೋಕಕ್ಕೆಲ್ಲ ತೆರೆದಿಡುವ ಪದ್ಧತಿಯಂತೆ ಇದು. "ಇದಕ್ಕ ಅಮೆರಿಕದಾಗ ವೆಬ್‌ಲಾಗ್ ಅಂತಾರಂತ್ರಿ. ನಮ್ಮೂರಾಗ ನೀವೇ ಮೊದ್ಲು ಇರ್ಬೇಕು" ಎಂದು ಹಿದಾಯತ್ ಹುರಿದುಂಬಿಸಿದರು.

೨. ಪುಟದಲ್ಲಿ ಮೊದಲ ದಿನ ಇದ್ದದ್ದು ಇಷ್ಟೇ, ಕನ್ನಡದ ಮಾತು ಇಂಗ್ಲಿಷ್ ಅಕ್ಷರದಲ್ಲಿ: "ನಾನು ವಾಣಿ. ಮೇ ಹತ್ತಕ್ಕೆ ಮನೆಯಿಂದ ಕೊಯಮತ್ತೂರಿಗೆ ಹೊರಟಿದ್ದೇನೆ. ಖುಷಿಯಾಗಿದೆ, ಹೆದರಿಕೆಯೂ ಇದೆ. ಅಲ್ಲಿ ದಿನಾ ಕಂಡದ್ದನ್ನು ಇಲ್ಲಿ ಬರೆಯುತ್ತೇನೆ." ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

೩. ಸದರಿ ಪುಟದ ಪ್ರಿಂಟನ್ನು ಅವಳೇ ಸಂಭ್ರಮದಿಂದ ಮನೆಗೆ ತಂದು ತೋರಿಸಿದಳು. ತಪ್ಪಾದದ್ದು ಅಲ್ಲಿಯೇ. ತಾವು ಕನ್ನಡಕ ಏರಿಸಿ, "ಹಿರೇರ ಹೆಸರೆಲ್ಲಿ ಐತೆ? ಲೋಕಾನೇ ನೋಡ್ತೈತೆ ಅಂತೀಯ. ದಿಕ್ಕಿಲ್ಲದ ಹುಡುಗಿ ಅನ್ನಲ್ಲೇನು?" ಎಂದಿರಿ. ಕಾರಣ, ತಮ್ಮ ಹೆಸರು ಸೇರಿತು. ತಮ್ಮದು ಸೇರಿದ ಕಾರಣ ನಾಲ್ವರು ತಮ್ಮಂದಿರದೂ, ಅವರದು ಸೇರಿದ ಕಾರಣ ಅವರ ಹೆಂಡತಿಯರದೂ ಸೇರಿತು. ಬಾತಿ ಗ್ರಾಮಕ್ಕೆ ಕೊಟ್ಟಿರುವ ತಮ್ಮ ಅಕ್ಕ ಬಸವಣ್ಣೆಮ್ಮನವರು, ತಂಗಿಯ ಹೆಸರು ತನ್ನ ಹೆಸರಿಗಿಂತ ಮೇಲೆ ಬಂತೆಂದು ಎರಡು ಹೊತ್ತು ಊಟ ಬಿಟ್ಟ ಕಾರಣ ಪಟ್ಟಿ ಮೊದಲಿನಿಂದ ಮತ್ತೆ ಆಯಿತು. ಆನಗೋಡಿಗೆ ಕೊಟ್ಟಿರುವ ಆ ತಂಗಿಯ ಮನೆಯವರು ಮಗನ ಹೆಸರಿನ ಮುಂದೆ ಬಿ.ಕಾಂ. ಹಾಕಿಸಿದರು, ಎರಡು ಪೇಪರ್ ಬಾಕಿ ಇರುವುದನ್ನು ಲೋಕಕ್ಕೆ ತಿಳಿಸಲಿಲ್ಲ. ಒಟ್ಟು ಮೂವತ್ತೊಂದಾಯಿತು. ಈ ಅರ್ಜಿ ಬರೆದವನದು ಇಪ್ಪತ್ತಾರನೆಯದು. ಹೆಣ್ಣು ಕೊಟ್ಟವನಿಗೆ ಅಷ್ಟು ಸಾಕು, ಆತ ಆ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ.

೪. ಎಲ್ಲವೂ ಒಂದೇ ಹಾಳೆಯಲ್ಲಿ ಹಿಡಿಯಬೇಕೆಂದು ತಮ್ಮ ಅಪ್ಪಣೆಯಾಯಿತು. ಆದ್ದರಿಂದ ಅರ್ಜಿದಾರಳ ನಾಲ್ಕು ಸಾಲುಗಳನ್ನು ತೆಗೆದು ತಾವೇ ಒಂದು ಸಾಲು ಹೇಳಿ ಬರೆಸಿದಿರಿ: "ನಮ್ಮ ಮನೆಯ ಮಗಳು ಚಿ. ಕುಂ. ಸೌ. ವಾಣಿ ಇದೇ ಮೇ ೧೦ನೇ ಸೋಮವಾರ ಮನೆಯಿಂದ ಹೊರಡುವವಳಿದ್ದು, ತಮ್ಮೆಲ್ಲರ ಆಶೀರ್ವಾದ ಬಯಸುವವರು." ಕೆಳಗೆ ಮೂವತ್ತೊಂದು ಹೆಸರು. ಇಂಟರ್ನೆಟ್ ನೋಡದ ಬಂಧುಗಳು ಬೇಜಾರು ಮಾಡಿಕೊಂಡಾರೆಂದು ಅದನ್ನೇ ಕನ್ನಡದಲ್ಲಿ ನೂರು ಪ್ರತಿ ಅಚ್ಚು ಹಾಕಿಸಿ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಊರೂರಿಗೆ ಹಂಚಿದಿರಿ.

೫. ಅರಿಶಿನ ಹಚ್ಚಿದ ಕಾಗದವನ್ನು ನಮ್ಮ ಜನ ಬೇರೆ ಏನೆಂದು ತಿಳಿಯಬೇಕು? ಇಬ್ಬರು ಹಿತ್ತಾಳೆ ಕೊಡಪಾನ ಹೊತ್ತು ಬಂದರು. "ಹುಡುಗನ ಹೆಸರು ಯಾಕ ಹಾಕ್ಸಿಲ್ರಿ? ಅವ್ರ ಮನಿಯೋರು ಏನಂದಾರು?" ಎಂದು ಕೇಳಿದವರು ಹನ್ನೊಂದು ಮಂದಿ. ಹುಡುಗನೇ ಇಲ್ಲವೆಂದು ತಿಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊಟ್ಟ ಮಂಡಕ್ಕಿ ಮಿರ್ಚಿ ಮುಗಿಸಿ ಹೋದರು. ಊರ ಬಾಯಿಗೆ ಬೀಗ ಹಾಕಲು ಬರುವುದಿಲ್ಲ. ಮಾನ ಉಳಿಸಿಕೊಳ್ಳಲು ತಾವು ಕಂಡುಕೊಂಡ ದಾರಿ ಇದು: "ಪತ್ರಿಕೆ ಹಂಚಿ ಆಗೈತೆ. ಇನ್ನು ಹುಡುಗನ್ನ ನೋಡಿದ್ರ ಆತು. ಟ್ರೇನಿಂಗು ಮುಂದಿನ ವರ್ಷ ಮಾಡ್ಲಿ." ಭಾನುವಾರ ಗಂಡಿನ ಕಡೆಯವರು ಬರುತ್ತಾರೆಂದು ತಿಳಿದುಬಂದಿದೆ. ಅನುಮತಿ ಪತ್ರ ಸಹಿಯಿಲ್ಲದೆ ತಮ್ಮ ಪಂಚಾಂಗದೊಳಗೆ ಮಡಿಸಿ ಬಿದ್ದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಬರೆದವನು ಕಂಡಿದ್ದಾನೆ. ಕುಲಾವಿ ಹೊಲಿಸಿಯಾಯಿತಲ್ಲ ಎಂದು ಕೂಸು ಹುಡುಕಲು ಹೊರಟವರನ್ನು ಇದೇ ಮೊದಲು ಕಂಡದ್ದು.

೬. ಅರ್ಜಿದಾರಳು ಮೊನ್ನೆ ಒಬ್ಬಳೇ ಬಸ್ಸಿನಲ್ಲಿ ಬಂದು ಈ ಅರ್ಜಿ ಬರೆದವನ ಜಗಲಿಯ ಮೇಲೆ ಕೂತಳು. "ಅಜ್ಜಾ, ಮೊದ್ಲು ಹೋಗಾಕೆ ಹೆದರಿಕೆ ಇತ್ತು. ಈಗ ಮನ್ಯಾಗ ಇರಾಕೆ ಹೆದರಿಕೆ ಆಗ್ತೈತೆ" ಎಂದಳು. ಬೀಗರೇ, ಈ ಮಾತು ಕೇಳಿದ ಮೇಲೆ ಬರೆದವನು ತಮ್ಮನ್ನು ನಾಲ್ಕು ಮಾತು ಬೈದದ್ದಾಯಿತು. ಆಗ ಅವಳೇ ತಡೆದಳು: "ದೊಡ್ಡಪ್ಪಾರು ಕೆಟ್ಟೋರಲ್ಲಜ್ಜಾ. ಎಲ್ಲಾರ ಮುಂದ ಸಿಕ್ಕಾಕ್ಕೊಂಡಾರ, ಹೊರಗ ಬರಾಕ ದಾರಿ ಕಾಣವಲ್ದು." ಬೇಡವೆಂದವರ ಪರವಾಗಿ ವಾದ ಮಾಡುವ ಅರ್ಜಿದಾರಳು ಆ ಬೇವಿನ ಮರದ ಕೆಳಗೆ ಈವರೆಗೆ ಬಂದಿಲ್ಲ.

ಆದ್ದರಿಂದ, ಭಾನುವಾರ ಬರುವವರಿಗೆ ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿ, ಸೋಮವಾರದ ರೈಲಿಗೆ ಮುಂಚೆ ಅನುಮತಿ ಪತ್ರಕ್ಕೆ ಸಹಿ ಮಾಡಿಕೊಡಬೇಕಾಗಿ ಕೋರಲಾಗಿದೆ. ಊರು ಆಡಿಕೊಳ್ಳುವುದು ಎಂಟು ದಿನ. ತರಬೇತಿ ಆರು ವಾರ. ಅವಳ ಆಯುಷ್ಯ ಇವೆರಡಕ್ಕಿಂತ ಹೆಚ್ಚಿದೆ.

ತಮ್ಮಲ್ಲಿ ವಿಶ್ವಾಸ ಇನ್ನೂ ಬಿಟ್ಟಿರದ,
ವಾಣಿ (ಸಹಿ)

ಬಿಕ್ಕಲಂ, ಅಂದರೆ ಬರೆದುಕೊಟ್ಟವನು: ಬಕ್ಕೇಶಪ್ಪ

ಲಗತ್ತುಗಳು:
೧. ಕಾರ್ಖಾನೆಯ ಪತ್ರದ ನಕಲು.
೨. ಸೋಮವಾರದ ರೈಲು ಟಿಕೆಟ್ಟಿನ ನಕಲು. ಅಸಲು ಅರ್ಜಿದಾರಳ ಬಳಿ ಇದ್ದು, ಅದನ್ನು ಅವಳು ಯಾರ ಕೈಗೂ ಕೊಡುತ್ತಿಲ್ಲ.
೩. ಪೆನ್ನು ಒಂದು. ಬರೆಯುತ್ತದೆ, ಪರೀಕ್ಷಿಸಲಾಗಿದೆ.

ವಿಶೇಷ ಸೂಚನೆ: ತಮ್ಮ ಉತ್ತರ "ಬ್ಯಾಡ" ಎಂದೇ ಆಗಿದ್ದಲ್ಲಿ ದಯವಿಟ್ಟು ಅದನ್ನೂ ಬರೆದೇ ಕೊಡಬೇಕು. ಅದಕ್ಕೆ ಮೂವತ್ತೊಂದು ಹೆಸರು ಬೇಕಾಗಿಲ್ಲ, ತಮ್ಮದೊಂದೇ ಸಾಕು. ಯಾರು ಬೇಡವೆಂದರು ಎಂಬುದನ್ನು ಅರ್ಜಿದಾರಳು ಜೀವಮಾನವಿಡೀ ನೆನಪಿಟ್ಟುಕೊಳ್ಳಬೇಕಾಗುವುದರಿಂದ, ಹೆಸರು ಒಂದೇ ಇದ್ದರೆ ಅವಳಿಗೆ ಅನುಕೂಲವಾಗುತ್ತದೆ.